ಕೆಳಗಿನಿಂದ ಮೇಲಕ್ಕೆ ಒರೆಸುವ ಅಕ್ಕ

ಬೆಳಗಿನ ಒಂಬತ್ತು ಗಂಟೆ. ಎರಡನೇ ಮಹಡಿಯ ತಿರುವಿನಲ್ಲಿ ಬಕೆಟ್ ಇಟ್ಟುಕೊಂಡು ಅಕ್ಕ ಬಟ್ಟೆ ಹಿಂಡುತ್ತಿದ್ದಾರೆ. ನಾಲ್ಕು ಮೆಟ್ಟಿಲು ಮೇಲೆ ಬಸ್ ಡ್ರೈವರೊಬ್ಬರು ಕೈಚೀಲ ತಬ್ಬಿಕೊಂಡು ಕೂತಿದ್ದಾರೆ.

"ಯಾರನ್ನ ನೋಡ್ಬೇಕಣ್ಣ?"

"ಹಲ್ಲಿನ ಡಾಕ್ಟರನ್ನ."

"ಅವರನ್ನ ದಾಟ್ಕೊಂಡೇ ಬಂದಿದೀರಲ್ಲ! ಹಲ್ಲುನೋವಿನವರು ಕೆನ್ನೆ ಹಿಡ್ಕೊಂಡು ಬರ್ತಾರೆ. ನೀವು ಚೀಲ ಹಿಡ್ಕೊಂಡಿದೀರಿ."

ಡ್ರೈವರ್ ಪೆಚ್ಚಾಗಿ ನಗುತ್ತಾರೆ. ಮೂರನೇ ಮಹಡಿಯಲ್ಲಿರುವುದು ಮನಸ್ಸಿನ ಕಷ್ಟ ಕೇಳುವ ಆಪ್ತಸಮಾಲೋಚಕಿಯ ಕೋಣೆ. ಆ ಬಾಗಿಲು ತಟ್ಟದೆ ಅವರು ಈ ಹಿಂದೆಯೂ ಎರಡು ಸಲ ಇಳಿದುಹೋಗಿದ್ದಾರೆ.

ಈ ಕಟ್ಟಡದ ಅರವತ್ತಾರು ಮೆಟ್ಟಿಲುಗಳನ್ನು ಅಕ್ಕ ಹನ್ನೊಂದು ವರ್ಷದಿಂದ ದಿನಕ್ಕೆರಡು ಸಲ ಒರೆಸುತ್ತಿದ್ದಾರೆ. ಮಂಡಿ ಸವೆದಿದೆ, ಮಾತು ಸವೆದಿಲ್ಲ. ಮೆಟ್ಟಿಲನ್ನು ಮೇಲಿನಿಂದ ಕೆಳಕ್ಕೆ ಒರೆಸಬೇಕೆಂದು ಮನೆಗೆಲಸ ಬಲ್ಲ ಎಲ್ಲರಿಗೂ ಗೊತ್ತು. ಅಕ್ಕ ಮಾತ್ರ ಕೆಳಗಿನಿಂದ ಮೇಲಕ್ಕೆ. "ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಸೂಪರ್‌ವೈಸರ್ ಬೈದಿದ್ದರಂತೆ. "ಕೆಟ್ರೆ ಮೂರನೇ ಮಹಡಿ ಹತ್ರಾನೇ ಇದೆಯಲ್ಲ ಸಾರ್" ಅಂದರಂತೆ ಇವರು.

"ನೋವಾದ ದಿನವೇ ಯಾರೂ ಬರಲ್ಲಮ್ಮ, ತಡ್ಕೋತಾರೆ" ಎನ್ನುತ್ತಾರೆ ಅಕ್ಕ, ಅವರ ಬಗ್ಗೆ ಬರೆಯಲು ಬಂದ ನನಗೆ. "ಮನೆಯವರ ಮುಖದಲ್ಲಿ ಭಯ ಕಂಡ ದಿನ ಬರ್ತಾರೆ."

ತಿಂಗಳ ಹಿಂದೆ ಈ ಡ್ರೈವರ್ ಓಡಿಸುತ್ತಿದ್ದ ಬಸ್ಸಿಗೆ ಮಗುವೊಂದು ಅಡ್ಡ ಓಡಿಬಂದು ಕೂದಲೆಳೆಯಲ್ಲಿ ಉಳಿದಿತ್ತು. ಅಂದಿನಿಂದ ಸ್ಟೀರಿಂಗ್ ಹಿಡಿಯಲಾಗದೆ ರಜೆ ಹಾಕಿದ್ದಾರೆ. ರಜೆ ಸೋಮವಾರಕ್ಕೆ ಮುಗಿಯುತ್ತದೆ.

"ನಿದ್ದೇಲೂ ಬ್ರೇಕ್ ಒತ್ತುತ್ತೀನಂತೆ ಅಕ್ಕ. ಹೆಂಡ್ತಿ ಕಾಲೆಲ್ಲ ಕಂದಿದೆ. ಮೊದಲು ನಗ್ತಿದ್ಲು. ಈಗ ಎದ್ದು ಮಗಳ ಪಕ್ಕ ಹೋಗಿ ಮಲಗ್ತಾಳೆ." ಮಾತು ನಿಲ್ಲಿಸಿ ತಟ್ಟನೆ ಏಳುತ್ತಾರೆ. "ಬಿಡಿ, ತಾನಾಗೇ ಸರಿಹೋಗುತ್ತೆ. ಬರ್ತೀನಿ."

ಅಕ್ಕ ತಲೆ ಎತ್ತುವುದಿಲ್ಲ. "ಕೆಳಗೆಲ್ಲ ಒದ್ದೆ ಅಣ್ಣ, ಜಾರ್ತೀರಿ. ಮೇಲೆ ಬೆಂಚಿದೆ. ಒಣಗೋವರೆಗೂ ಕೂತಿರಿ."

ಡ್ರೈವರ್ ಮೆಟ್ಟಿಲು ನೋಡುತ್ತಾರೆ, ಅಕ್ಕನನ್ನು ನೋಡುತ್ತಾರೆ. ಆಮೇಲೆ ನಿಧಾನಕ್ಕೆ ಮೇಲಕ್ಕೆ ಹತ್ತುತ್ತಾರೆ. ತುಸು ಹೊತ್ತಿಗೆ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು.

ಮೆಟ್ಟಿಲು ಒಣಗಿ ಎಷ್ಟೋ ಹೊತ್ತಾದರೂ ಅವರು ಇಳಿದು ಬಂದಿಲ್ಲ.

ನಿಮಗೇನಾಸೆ ಎಂದು ಕೇಳುತ್ತೇನೆ. ಅಕ್ಕ ಮಂಡಿ ನೀವಿಕೊಳ್ಳುತ್ತಾರೆ.

"ಮೂರನೇ ಮಹಡಿಗೂ ಜನ ಹಲ್ಲುನೋವಿಗೆ ಬಂದಷ್ಟೇ ಸಲೀಸಾಗಿ ಬರ್ಬೇಕಮ್ಮ. ಅವತ್ತಿಂದ ನಾನೂ ಎಲ್ಲರ ಹಾಗೆ ಮೇಲಿಂದ ಕೆಳಕ್ಕೆ ಒರೆಸ್ತೀನಿ."