ಅರ್ಧ ಇಂಚಿನ ಕಂಡಿ

ಎಕ್ಕಂಬಿಯ ವೀರಪ್ಪ ಬಡಿಗೇರರು ಮೊಳೆಯ ಉದ್ದವನ್ನು ನಾಲಿಗೆಯಿಂದ ಅಳೆಯುತ್ತಿದ್ದರು. ಕೆಲಸಕ್ಕೆ ಕೂರುವಾಗ ಡಬ್ಬಿಯಿಂದ ಒಂದು ಚಿಟಿಕೆ ಮೊಳೆ ತೆಗೆದು ಬಾಯಿಗೆ ಹಾಕಿಕೊಳ್ಳುವರು. ಎಡಗೈ ಪಟ್ಟಿಯನ್ನು ಹಿಡಿದಿರುತ್ತಿತ್ತು, ಬಲಗೈಯಲ್ಲಿ ಸುತ್ತಿಗೆ. ಮುಕ್ಕಾಲಿಂಚು ಬೇಕಾದರೆ ಮುಕ್ಕಾಲಿಂಚು, ಒಂದಿಂಚು ಬೇಕಾದರೆ ಒಂದಿಂಚು, ತಲೆ ಮುಂದಾಗಿ ತುಟಿಯಂಚಿಗೆ ಬಂದು ನಿಲ್ಲುತ್ತಿತ್ತು. ಬಡಗಿಗಳು ಬಾಯಲ್ಲಿ ಮೊಳೆ ಹಿಡಿಯುವುದು ಎಲ್ಲ ಕಡೆಯೂ ಇದೆ. ಬೆರಕೆ ಮೊಳೆಗಳನ್ನು ಬಾಯೊಳಗೇ ವಿಂಗಡಿಸುವುದು ಮಾತ್ರ ಅವರೊಬ್ಬರಿಗೇ ಸಿದ್ಧಿಸಿದ್ದ ಕೆಲಸ.

ಬೆರಕೆ ಮೊಳೆ ಯಾಕೆ ಎಂದರೆ ಅದಕ್ಕೆ ಗಿರಾಕಿಗಳೇ ಕಾರಣ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಹಳೆಯ ಮೊಳೆಯನ್ನು ಎಸೆಯುವ ರೂಢಿ ಇಲ್ಲ. ಕಿತ್ತು, ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಾರೆ. ಬಡಗಿಗೆ ಕೆಲಸ ಕೊಡುವಾಗ ಹಲಗೆಯ ಜೊತೆಗೆ ಆ ಡಬ್ಬಿಯೂ ಬರುತ್ತದೆ. ಅಂಗಡಿಯಿಂದ ಹೊಸ ಮೊಳೆ ತರಲೇ ಎಂದು ಕೇಳಿದರೆ, 'ನಮ್ಮನೆ ಡಬ್ಬಿ ಇರೋದು ಎಂತಕ್ಕೆ ಹಾಗಾದ್ರೆ?' ಎನ್ನುತ್ತಾರೆ. ವೀರಪ್ಪನವರಿಗೆ ಬರುತ್ತಿದ್ದದ್ದು ಹೆಚ್ಚಾಗಿ ಜೇನುಪೆಟ್ಟಿಗೆಯ ಕೆಲಸ. ತೊಂಬತ್ತರ ದಶಕದ ಮೊದಲಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಮರಿಗಳಿಗೆ ರೋಗ ಬಂದು ಪೆಟ್ಟಿಗೆಗಳೆಲ್ಲ ಬರಿದಾಗಿದ್ದವು. ಕೆಲವು ವರ್ಷ ಅವರು ಬಾಗಿಲು, ಕಿಟಕಿ ಮಾಡಿಕೊಂಡಿದ್ದರು. ದಶಕದ ಕೊನೆಗೆ ಜೇನು ಮತ್ತೆ ಕಾಣಿಸಿಕೊಂಡಿತು. ಜನ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗಳನ್ನು ಇಳಿಸಿ ಅವರ ಬಳಿಗೆ ತಂದರು. ಆ ಪೆಟ್ಟಿಗೆಗಳನ್ನು ಬಿಚ್ಚಿದಾಗ ಸಿಗುವುದು ಮೂರು ಅಳತೆಯ ಮೊಳೆ: ಜೇನು ಎರಿ ಕಟ್ಟುವ ಒಳಗಿನ ಚೌಕಟ್ಟುಗಳಿಗೆ ಮುಕ್ಕಾಲಿಂಚಿನದು, ಚೌಕಟ್ಟು ಕೂರುವ ಪಟ್ಟಿಗೆ ಒಂದಿಂಚಿನದು, ಮೂಲೆಗಳಿಗೆ ಒಂದೂವರೆಯದು. ಮೂರೂ ಒಂದೇ ಡಬ್ಬಿಯಲ್ಲಿ.

ಎರಡು ಸಾವಿರದ ಒಂದರ ಮಳೆಗಾಲದಲ್ಲಿ ವೀರಪ್ಪನವರ ಮುಂದಿನ ಹಲ್ಲು ಅಲ್ಲಾಡತೊಡಗಿತು. ಶಿರಸಿಯ ಹಲ್ಲಿನ ಡಾಕ್ಟರು ಅದನ್ನು ಕಿತ್ತರು. ಕಿತ್ತ ಮೇಲೆ ಟಾರ್ಚು ಹಿಡಿದು ತುಟಿಯ ಒಳಬದಿಯನ್ನು ಬಹಳ ಹೊತ್ತು ನೋಡಿದರು. ಅಲ್ಲೊಂದು ಬಿಳಿ ಕಲೆ ಇತ್ತು.

"ಬಾಯಲ್ಲಿ ಏನಾದರೂ ಇಟ್ಟುಕೊಳ್ಳುತ್ತೀರಾ?"

"ಮೊಳಿ ರೀ."

"ಇನ್ನು ಮೇಲೆ ಬೇಡ. ಎಲೆಯಡಿಕೆ, ತಂಬಾಕೂ ಬೇಡ. ಇದು ಈಗ ಬರಿಯ ಕಲೆ. ಹೀಗೇ ತಿಕ್ಕುತ್ತಾ ಇದ್ದರೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ನಾಲ್ಕು ತಿಂಗಳು ಬಿಟ್ಟು ಬನ್ನಿ."

ಡಾಕ್ಟರು ಹೇಳದೆ ಬಿಟ್ಟಿದ್ದನ್ನು ಹೆಂಡತಿ ದಾಕ್ಷಾಯಿಣಿ ಬಸ್ಸಿನಲ್ಲಿ ಬರುವಾಗ ಹೇಳಿದರು. ಅವರ ತವರಿನಲ್ಲಿ ಒಬ್ಬ ಚಿಕ್ಕಪ್ಪ ಬಾಯಿಯ ಹುಣ್ಣಿನಿಂದಲೇ ಹೋಗಿದ್ದರು. ಎಲೆಯಡಿಕೆಯ ಚೀಲ ಅವತ್ತೇ ಒಲೆಗೆ ಬಿತ್ತು. ಮೊಳೆ ಡಬ್ಬಿಯನ್ನು ಒಲೆಗೆ ಹಾಕಲು ಬರುವಂತಿರಲಿಲ್ಲ.

ಬಾಯಿಯ ಕೆಲಸ ನಿಂತ ಮೇಲೆ ಮೊಳೆ ವಿಂಗಡಿಸಲು ಉಳಿದದ್ದು ಕಣ್ಣು. ಚಾಳೀಸು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಕನ್ನಡಕದ ಮೇಲೆ ಮರದ ಹೊಟ್ಟು ಕೂರುತ್ತಿತ್ತು. ಅಡ್ಡಡ್ಡ ಬಿದ್ದ ಮೊಳೆಗಳ ರಾಶಿಯಲ್ಲಿ ಮುಕ್ಕಾಲಿಂಚಿಗೂ ಒಂದಿಂಚಿಗೂ ವ್ಯತ್ಯಾಸ ತಿಳಿಯುವುದು ಒಳ್ಳೆಯ ಕಣ್ಣಿಗೂ ಸುಲಭವಲ್ಲ. ದಾಕ್ಷಾಯಿಣಿ ಆರಿಸಿ ಕೊಡಬಹುದಿತ್ತು, ಆದರೆ ಅವರು ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದರು. ಮನೆಗೆ ಬರುವಾಗ ಮಧ್ಯಾಹ್ನ ಕಳೆದಿರುತ್ತಿತ್ತು.

ಗಣೇಶ ಚೌತಿ ಮುಗಿದ ಮೇಲೆ ಒಂದು ದಿನ ಹೇರೂರಿನ ದಿನಕರ ಹೆಗಡೆಯವರು ಸ್ಕೂಟರಿನಲ್ಲಿ ಬಂದರು. ಕೈಯಲ್ಲಿ ಒಂದು ಚೌಕಟ್ಟು ಇತ್ತು. ಹಿಂದಿನ ತಿಂಗಳು ವೀರಪ್ಪನವರೇ ಮಾಡಿಕೊಟ್ಟದ್ದು.

"ಬರ್ರಿ ಹೆಗಡೇರ, ಕುಂದರ್ರಿ. ಚಾ ಮಾಡಸ್ತೇನಿ."

"ಚಾ ಆಮೇಲೆ. ಇಲ್ಲಿ ಬೆರಳಾಡಿಸಿ ನೋಡಿ ಮಾರಾಯ್ರೆ, ಮೆಲ್ಲಗೆ."

ಪಕ್ಕದ ಪಟ್ಟಿಯ ಮೇಲೆ ಬೆರಳು ಇಳಿಸಿದಾಗ ಏನೋ ಚುಚ್ಚಿತು. ಮುಕ್ಕಾಲಿಂಚು ಹೊಡೆಯಬೇಕಾದ ಜಾಗಕ್ಕೆ ಒಂದಿಂಚು ಹೋಗಿತ್ತು. ತೆಳುವಾದ ಪಟ್ಟಿಯಲ್ಲಿ ಉದ್ದದ ಮೊಳೆ ಮರದ ಎಳೆಗುಂಟ ಓರೆಯಾಗಿ ಸಾಗಿ, ಕೊನೆಗೆ ಪಕ್ಕದಿಂದ ತುದಿಯನ್ನು ಹೊರಗೆ ಹಾಕುತ್ತದೆ. ಹೊರಬಂದದ್ದು ಅಕ್ಕಿಕಾಳಿನ ಅರ್ಧದಷ್ಟೂ ಇರಲಿಲ್ಲ.

"ಫ್ರೇಮ್ ಎತ್ತುವಾಗ ರಾಣಿ ಹುಳ ಇದರ ಮಗ್ಗುಲಿಗೇ ಇತ್ತು," ಎಂದರು ದಿನಕರ. "ತುದಿಗೆ ಸಿಕ್ಕಿ ಸತ್ತು ಹೋಯ್ತು. ಮಳೆಗಾಲ ನೋಡಿ, ಬೇರೆ ರಾಣಿ ಬೆಳೆಸಲಿಕ್ಕೆ ಒಳಗೆ ಮೊಟ್ಟೆ ಇರಲಿಲ್ಲ. ವಾರ ಕಳೆಯೋದ್ರೊಳಗೆ ಪೆಟ್ಟಿಗೆ ಖಾಲಿ."

ವೀರಪ್ಪ ಬೆರಳನ್ನು ತೆಗೆಯದೆ ಅಲ್ಲೇ ಇಟ್ಟುಕೊಂಡು ಕುಳಿತರು. "ತಪ್ಪಾತ್ರಿ," ಎಂದರು.

"ಬಯ್ಯಲಿಕ್ಕೆ ಬಂದದ್ದಲ್ಲ. ದೀಪಾವಳಿ ಕಳೆದರೆ ಜೇನು ಪಾಲಾಗ್ತದೆ, ಒಂದು ಕುಟುಂಬ ಎರಡಾಗ್ತದೆ. ನನಗೆ ಆರು ಪೆಟ್ಟಿಗೆ ಬೇಕು. ನಿಮ್ಮ ಹತ್ರವೇ ಮಾಡಿಸಬೇಕು ಅಂತ ಆಸೆ. ಆದರೆ ಇನ್ನೊಂದು ರಾಣಿ ಹೋದರೆ ನಾನು ಬೇರೆ ಕಡೆ ಹೋಗಬೇಕಾಗ್ತದೆ. ಊರಿನವರೂ ಅದನ್ನೇ ಹೇಳ್ತಾ ಇದ್ದಾರೆ." ಸ್ಕೂಟರಿನ ಪೆಟ್ಟಿಗೆಯಿಂದ ಹಲಗೆಯ ಅಳತೆ ಬರೆದ ಚೀಟಿಯನ್ನೂ ತುಂಬಿದ ಒಂದು ಮೊಳೆ ಡಬ್ಬಿಯನ್ನೂ ತೆಗೆದು ಕೊಟ್ಟರು. ಎಲ್ಲ ಅಳತೆಯ ಮೊಳೆಗಳೂ ಅದರಲ್ಲಿದ್ದವು.

ಮೂರು ದಿನಗಳಾದ ಮೇಲೆ ದಾಕ್ಷಾಯಿಣಿ ಅಂಗನವಾಡಿಯಿಂದ ಬೇಗ ಬಂದರು. ವೀರಪ್ಪ ಬೆನ್ನು ಮಾಡಿ ಕೂತು ಚೌಕಟ್ಟು ಬಡಿಯುತ್ತಿದ್ದರು. ಕರೆದರೆ ಓಗೊಡಲಿಲ್ಲ.

"ಇತ್ತಾಗ ತಿರಗ್ರಿ."

ಅವರು ತಿರುಗಲಿಲ್ಲ.

"ಬಾಯಿ ತೆಗೀರಿ ನೋಡೂಣು. ಏನ್ ಸಣ್ಣ ಕೂಸೇನ್ರಿ ನೀವು, ಮಣ್ಣ ತಿಂದು ಅಡಗಸ್ಲಿಕ್ಕೆ?"

ವೀರಪ್ಪ ಅಂಗೈಗೆ ಮೊಳೆಗಳನ್ನು ಉಗುಳಿದರು. "ಆರು ಪೆಟಗಿ ಮುಗೀಲಿ. ಆಮ್ಯಾಲೆ ಮುಟ್ಟಂಗಿಲ್ಲ."

"ಆರರ ಮ್ಯಾಲೆ ಹನ್ನೆರಡ ಬರ್ತಾವು. ನನಗ ಪೆಟಗಿ ಬ್ಯಾಡ, ನೀವು ಬೇಕು."

"ಪೆಟಗಿ ಬಿಟ್ಟು ನಾ ಏನ್ ಮಾಡ್ಲಿ ಹೇಳು."

ದಾಕ್ಷಾಯಿಣಿ ಮೊಳೆಗಳನ್ನು ಅವರ ಅಂಗೈಯಿಂದ ತೆಗೆದುಕೊಂಡು, ತೊಳೆದು, ಒರೆಸಿ, ಡಬ್ಬಿಗೆ ಹಾಕಿದರು. ಮರುದಿನ ವೀರಪ್ಪ ಚೌಕಟ್ಟಿನ ಕೆಲಸವನ್ನು ನಿಲ್ಲಿಸಿ ಒಂದು ಸಾಗುವಾನಿ ತುಂಡನ್ನು ಕೈಗೆ ತೆಗೆದುಕೊಂಡರು.

ಮೊಳೆಗಳನ್ನು ತಾನಾಗಿ ಬೇರ್ಪಡಿಸುವ ಏನಾದರೊಂದನ್ನು ಮಾಡಬೇಕೆಂಬುದು ಅವರ ಯೋಚನೆ. ಸೂರಿನ ನೀರು ಹರಿಸುವ ದೋಣಿಯ ಹಾಗೆ ಮೊಳದುದ್ದದ ಒಂದು ಸಣ್ಣ ದೋಣಿ ಕೊರೆದರು. ಒಳಗೆ ಜೇನುಮೇಣ ತಿಕ್ಕಿ ನುಣುಪು ಮಾಡಿದರು. ಅದನ್ನು ಓರೆಯಾಗಿ ನಿಲ್ಲಿಸಿ ಮೇಲಿನಿಂದ ಮೊಳೆ ಬಿಟ್ಟರೆ ಅದು ಉದ್ದಕ್ಕೆ ಮಲಗಿ ಜಾರಿ ಬರುತ್ತದೆ. ದಾರಿಯಲ್ಲಿ ದೋಣಿಯ ತಳವನ್ನು ಅಡ್ಡಲಾಗಿ ಕತ್ತರಿಸಿ ಒಂದು ಕಂಡಿ ಬಿಟ್ಟರೆ ಗಿಡ್ಡ ಮೊಳೆ ಅದರಲ್ಲಿ ಬೀಳಬೇಕು, ಉದ್ದದ್ದು ದಾಟಿ ಹೋಗಬೇಕು. ಮುಕ್ಕಾಲಿಂಚಿನ ಮೊಳೆ ಬೀಳಲೆಂದು ಮುಕ್ಕಾಲಿಂಚಿನ ಕಂಡಿಯನ್ನೇ ಬಿಟ್ಟರು. ಒಂದಿಂಚಿನವೂ ಅದರಲ್ಲೇ ಬಿದ್ದವು.

"ಛಲೋ ಆತು," ಎಂದರು ದಾಕ್ಷಾಯಿಣಿ. "ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಸುರಿಯೂ ಯಂತ್ರ."

ಇದರ ಕಾರಣವನ್ನು ಅಡುಗೆಮನೆಯಲ್ಲೇ ನೋಡಬಹುದು. ಲಟ್ಟಣಿಗೆಯನ್ನು ಕಟ್ಟೆಯ ಅಂಚಿನಿಂದ ಆಚೆಗೆ ತಳ್ಳುತ್ತಾ ಹೋದರೆ ಅದು ಪೂರ್ತಿ ಹೊರಗೆ ಹೋಗುವವರೆಗೆ ಕಾಯುವುದಿಲ್ಲ. ಅರ್ಧ ದಾಟುತ್ತಿದ್ದಂತೆ ಮಗುಚುತ್ತದೆ. ಮೊಳೆಯೂ ಹಾಗೆಯೇ. ಅರ್ಧ ಉದ್ದ ಅಂಚನ್ನು ದಾಟುವುದರೊಳಗೆ ಮುಂದಿನ ತುದಿ ಆಚೆ ದಡ ಸೇರಿದರೆ ಅದು ದಾಟಿತು, ಸೇರದಿದ್ದರೆ ಬಿತ್ತು. ಹಾಗಾಗಿ ಕಂಡಿ ಮೊಳೆಯ ಉದ್ದದಷ್ಟಿರಬಾರದು, ಅದರ ಅರ್ಧಕ್ಕಿಂತ ತುಸು ಹೆಚ್ಚಿದ್ದರೆ ಸಾಕು. ಒಂದೊಂದೇ ಮೊಳೆಯನ್ನು ಬೆರಳಿನಿಂದ ದೂಡಿ ನೋಡಿ ವೀರಪ್ಪನವರು ಇದನ್ನು ಕಂಡುಕೊಂಡರು. ಹೊಸ ದೋಣಿಯಲ್ಲಿ ಮುಕ್ಕಾಲಿಂಚಿನ ಅರ್ಧಕ್ಕೆ ಅಳತೆಪಟ್ಟಿಯ ಒಂದು ಗೆರೆ, ಎಂದರೆ ಇಂಚಿನ ಹದಿನಾರರಲ್ಲೊಂದು ಪಾಲು, ಹೆಚ್ಚು ಕಂಡಿ ಬಿಟ್ಟರು.

ಈ ಸಲ ತೊಂದರೆ ವಿಚಿತ್ರವಾಗಿತ್ತು. ಹೆಚ್ಚಿನವು ಸರಿಯಾಗಿಯೇ ಬಿದ್ದವು. ಆದರೆ ಮುಕ್ಕಾಲಿಂಚಿನ ಕೆಲವು ಕಂಡಿಯನ್ನು ಹಾರಿ ಹೋದವು, ಒಂದಿಂಚಿನ ಕೆಲವು ಅದರಲ್ಲಿ ಬಿದ್ದವು. ಕಂಡಿಯನ್ನು ಹಿಗ್ಗಿಸಿದರೆ ಎರಡನೆಯ ತಪ್ಪು ಹೆಚ್ಚುತ್ತಿತ್ತು, ಕುಗ್ಗಿಸಿದರೆ ಮೊದಲನೆಯದು. ನಡುವೆ ಎಲ್ಲಿ ನಿಲ್ಲಿಸಿದರೂ ಎರಡೂ ಸ್ವಲ್ಪ ಸ್ವಲ್ಪ ಉಳಿಯುತ್ತಿದ್ದವು. ರಾಣಿಯ ಪ್ರಾಣ ತೆಗೆಯಲು ಒಂದೇ ಮೊಳೆ ಸಾಕು.

ಮೂರು ದೋಣಿಗಳು ಸೌದೆಗೆ ಹೋದವು. ನವರಾತ್ರಿ ಬಂತು. ಹಲಗೆಗಳೆಲ್ಲ ಹದವಾಗಿ ಗೋಡೆಗೆ ಒರಗಿದ್ದವು, ಅವತ್ತು ನಿಲ್ಲಿಸಿದ ಮೇಲೆ ಹೊಸದಾಗಿ ಒಂದು ಚೌಕಟ್ಟೂ ಎದ್ದಿರಲಿಲ್ಲ. ವೀರಪ್ಪ ಆಗಾಗ ಡಬ್ಬಿಯ ಕಡೆಗೂ ಹೆಂಡತಿಯ ಕಡೆಗೂ ನೋಡುತ್ತಿದ್ದರು. ದಾಕ್ಷಾಯಿಣಿ ಅದನ್ನು ಗಮನಿಸಿದ್ದರು.

ಒಂದು ಭಾನುವಾರ ಅವರೇ ದೋಣಿಯ ಪಕ್ಕ ಬಂದು ಕೂತರು. "ನಾ ಬಿಡ್ತೇನಿ, ನೀವು ನೋಡ್ರಿ. ಕಣ್ಣಿಗೆ ಕನ್ನಡಕ ಹಾಕ್ಕೊಂಡು ನೋಡ್ರಿ, ಹಣಿಗೆ ಅಲ್ಲ."

ಅವರು ಒಂದಿಂಚಿನವನ್ನೇ ಒಂದೊಂದಾಗಿ ಬಿಟ್ಟರು. ದಾಟಿತು, ದಾಟಿತು, ಬಿತ್ತು. ದಾಟಿತು, ಬಿತ್ತು.

"ತಡಿ," ಎಂದರು ವೀರಪ್ಪ. "ಈಗ ಬಿದ್ದಿದ್ದು ತಲಿ ಮುಂದಾಗಿ ಬಂತು."

ಬಿದ್ದ ಮೊಳೆಯನ್ನೇ ಎತ್ತಿ ಚೂಪು ಮುಂದೆ ಮಾಡಿ ಬಿಟ್ಟರು. ಅದು ದಾಟಿತು. ಮತ್ತೆ ತಲೆ ಮುಂದೆ ಮಾಡಿ ಬಿಟ್ಟರು. ಬಿತ್ತು. ಇಬ್ಬರೂ ಆ ಒಂದು ಮೊಳೆಯನ್ನು ಎಷ್ಟೋ ಸಲ ಜಾರಿಸಿದರು.

ಮೊಳೆ ಲಟ್ಟಣಿಗೆಯಲ್ಲ, ಸೌಟು. ಅದರ ತಲೆಯಲ್ಲಿ ಭಾರ ಇದೆ. ಸೌಟನ್ನು ಬಟ್ಟಲು ಮುಂದಾಗಿ ಅಂಚಿನಾಚೆ ತಳ್ಳಿದರೆ ಬೇಗ ಮಗುಚುತ್ತದೆ, ಹಿಡಿ ಮುಂದಾಗಿ ತಳ್ಳಿದರೆ ತಡವಾಗಿ. ಸಣ್ಣ ಮೊಳೆಯಲ್ಲಿ ಈ ವ್ಯತ್ಯಾಸ ಒಂದು ಗೆರೆಯಷ್ಟೇ. ಆದರೆ ಮುಕ್ಕಾಲಿಂಚು, ಒಂದಿಂಚುಗಳ ಅರ್ಧದ ನಡುವೆ ಇರುವುದೂ ಎರಡೇ ಗೆರೆಯ ಅಂತರ. ತಲೆ ಮುಂದಾಗಿ ಬಂದ ಉದ್ದ ಮೊಳೆಯೂ ಚೂಪು ಮುಂದಾಗಿ ಬಂದ ಗಿಡ್ಡ ಮೊಳೆಯೂ ಹೆಚ್ಚುಕಡಿಮೆ ಒಂದೇ ಕಡೆ ಮಗುಚುತ್ತಿದ್ದವು. ಎಲ್ಲ ಮೊಳೆಗಳೂ ಚೂಪು ಮುಂದಾಗಿ ಬಂದರೆ ಮಾತ್ರ ಇವೆರಡೂ ಬೇರೆಯಾಗುತ್ತವೆ. ಆಗ ಸರಿಯಾಗಿ ಅರ್ಧ ಇಂಚಿನ ಕಂಡಿ ಸಾಕು. ಕೈ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ.

"ಇಷ್ಟೂ ಮೊಳಿ ಒಂದ ದಿಕ್ಕಿಗೆ ಹೊಂದಸೂದಾದ್ರ," ಎಂದು ವೀರಪ್ಪ ಡಬ್ಬಿಯನ್ನು ನೋಡಿ ನಿಟ್ಟುಸಿರು ಬಿಟ್ಟರು, "ಕೈಲೆ ಆರ್ಸೂದು ಏನ್ ತಪ್ಪು?"

ದಾಕ್ಷಾಯಿಣಿ ಸ್ನಾನ ಮಾಡಿ ಕೂದಲು ಆರಲು ಬಿಟ್ಟಿದ್ದರು, ಬಾಚಣಿಗೆಯನ್ನು ಅದರಲ್ಲೇ ಸಿಕ್ಕಿಸಿದ್ದರು. ಅದನ್ನು ತೆಗೆದು, ಹಲ್ಲುಗಳನ್ನು ಮೊಳೆಯ ರಾಶಿಯ ಅಡಿಗೆ ತೂರಿಸಿ ಮೆಲ್ಲಗೆ ಎತ್ತಿ ಅಲ್ಲಾಡಿಸಿದರು. ಅಡ್ಡ ಬಿದ್ದವು ಉದುರಿದವು. ಉಳಿದವುಗಳ ಕಡ್ಡಿ ಹಲ್ಲುಗಳ ಸಂದಿನಲ್ಲಿ ಇಳಿದು, ತಲೆ ಮೇಲೆ ಸಿಕ್ಕಿಕೊಂಡು, ಎಲ್ಲವೂ ಚೂಪು ಕೆಳಗಾಗಿ ನೇತಾಡಿದವು.

"ಹೇನ ಹೆಕ್ಕಿದಂಗ ಆತಲ್ಲ!" ಎಂದರು ವೀರಪ್ಪ.

"ನಿಮ್ಮ ತಲ್ಯಾಗಿನ ಹೇನ. ನೋಡ್ರಿ ಸುಮ್ನ."

ಬಾಚಣಿಗೆಯನ್ನು ದೋಣಿಯ ಬಾಯಿಗೆ ಹಿಡಿದು ಬಗ್ಗಿಸಿದಾಗ ಮೊಳೆಗಳು ಒಂದರ ಹಿಂದೊಂದು ಹಲ್ಲಿನ ತುದಿಯಿಂದ ಜಾರಿ, ಚೂಪು ಮುಂದಾಗಿ ದೋಣಿಗೆ ಇಳಿದವು. ಸಂಜೆಯೊಳಗೆ ವೀರಪ್ಪ ತಗಡು ಕತ್ತರಿಸಿ ಹಿಡಿ ಇರುವ ದೊಡ್ಡ ಬಾಚಣಿಗೆ ಮಾಡಿದರು. ಅರ್ಧ ಇಂಚಿನ ಕಂಡಿಯ ಹೊಸ ದೋಣಿ ಮರುದಿನ ಎದ್ದಿತು. ಆ ಕಂಡಿಗಿಂತ ಕೆಳಗೆ ಒಂದಿಂಚಿನವಕ್ಕೆಂದು ಸ್ವಲ್ಪ ಹೆಚ್ಚು ಅಗಲದ ಇನ್ನೊಂದು ಕಂಡಿ. ಎರಡನ್ನೂ ದಾಟಿದ ಒಂದೂವರೆ ಇಂಚಿನವು ತುದಿಯಲ್ಲಿಟ್ಟ ತೆಂಗಿನ ಗೆರಟೆಗೆ ಬಿದ್ದವು. ಮೊದಲ ಕಂಡಿಯ ಕೆಳಗಿಟ್ಟ ಮುಕ್ಕಾಲಿಂಚಿನ ಗೆರಟೆಯನ್ನು ವೀರಪ್ಪ ಹಲಗೆಯ ಮೇಲೆ ಸುರಿದು, ಪ್ರತಿಯೊಂದನ್ನೂ ತಲೆ ಕೆಳಗಾಗಿ ನಿಲ್ಲಿಸಿ, ಮುಕ್ಕಾಲಿಂಚಿಗಿಂತ ತುಸು ಎತ್ತರದಲ್ಲಿ ಒಂದು ಪಟ್ಟಿ ಆಡಿಸಿ ಪರೀಕ್ಷಿಸಿದರು. ಒಂದೂ ಪಟ್ಟಿಗೆ ತಾಗಲಿಲ್ಲ.

ಚೌಕಟ್ಟು ಬಡಿಯುವ ವೇಗ ಮಾತ್ರ ಹಿಂದಿನಂತಾಗಲಿಲ್ಲ. ಪ್ರತಿ ಮೊಳೆಗೂ ಕೈ ಗೆರಟೆಯವರೆಗೆ ಹೋಗಿ ಬರಬೇಕಿತ್ತು. ಮೊದಲ ವಾರ ಕೈ ಅಭ್ಯಾಸದಂತೆ ತುಟಿಯ ಹತ್ತಿರ ಹೋಗಿ, ಅಲ್ಲೇನೂ ಸಿಗದೆ ವಾಪಸ್ಸಾಗುತ್ತಿತ್ತು. ಆದರೂ ದೀಪಾವಳಿಗೆ ಆರು ಪೆಟ್ಟಿಗೆಗಳು ತಯಾರಾದವು.

ದಿನಕರ ಹೆಗಡೆಯವರು ಗಾಡಿ ಮಾಡಿಕೊಂಡು ಬಂದರು. ಜೊತೆಗೆ ಹೆಂಡತಿ ಪರಿಮಳಾ ಇದ್ದರು. ಒಂದೊಂದು ಚೌಕಟ್ಟನ್ನೂ ತೆಗೆದು ದಿನಕರರು ನಾಲ್ಕೂ ಬದಿಗೆ ಬೆರಳು ಆಡಿಸಿದರು. ವೀರಪ್ಪ ಎದುರಿಗೆ ನಿಂತು ನೋಡಿದರು. ದಾಕ್ಷಾಯಿಣಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕೊನೆಯ ಪೆಟ್ಟಿಗೆಯ ಕೊನೆಯ ಚೌಕಟ್ಟು ಬರುವಾಗ ಆ ಚಹಾ ಆರಿತ್ತು.

"ಎಂತ, ಸಿಕ್ತನ?" ಎಂದು ಪರಿಮಳಾ ಗಂಡನನ್ನು ಕೇಳಿದರು.

"ಎಂತೂ ಇಲ್ಲೆ," ಎಂದರು ದಿನಕರ. ಆಮೇಲೆ ವೀರಪ್ಪನವರ ಕಡೆ ತಿರುಗಿ, "ಹೊಸ ಮೊಳೆ ತಂದಿರೋ ಏನು?" ಎಂದರು.

"ನಿಮ್ಮ ಡಬ್ಬೀದ ರೀ," ಎಂದು ವೀರಪ್ಪ ದೋಣಿಯನ್ನು ತೋರಿಸಿದರು. ಪರಿಮಳಾ ತಾವೇ ಬಾಚಣಿಗೆ ಹಿಡಿದು ಎರಡು ಸಲ ಮೊಳೆ ಬಿಟ್ಟು ನೋಡಿದರು.

ಡಿಸೆಂಬರಿನಲ್ಲಿ ವೀರಪ್ಪ ಮತ್ತೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದರು. ಕಲೆ ಸಣ್ಣದಾಗಿದೆ, ಮೆತ್ತಗಾಗಿದೆ, ಪೂರ್ತಿ ಹೋಗಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು. ದಾಕ್ಷಾಯಿಣಿ, "ಅಂದ್ರ ಛಲೋ ಅಂತೀರೋ ಕೆಟ್ಟ ಅಂತೀರೋ?" ಎಂದು ಕೇಳಿದರು. "ಛಲೋ ಅಂತಲೇ ತಿಳ್ಕೊಳ್ಳಿ. ಕಾವಲು ಬಿಡಬೇಡಿ," ಎಂದರು ಅವರು.

ಆ ಚಳಿಗಾಲದಲ್ಲೇ ಗಂಡಹೆಂಡತಿ ಹೇರೂರಿಗೆ ಹೋದರು. ಅಷ್ಟು ವರ್ಷ ಜೇನುಪೆಟ್ಟಿಗೆ ಮಾಡಿದ್ದ ವೀರಪ್ಪ, ಜೇನು ತುಂಬಿದ ಪೆಟ್ಟಿಗೆಯ ಹತ್ತಿರ ಒಮ್ಮೆಯೂ ನಿಂತಿರಲಿಲ್ಲ. ಅವರಿಗೆ ಹುಳವೆಂದರೆ ಹೆದರಿಕೆ. ದಿನಕರರು ಮುಚ್ಚಳ ತೆಗೆದು, ಸ್ವಲ್ಪ ಹೊಗೆ ಬಿಟ್ಟು, ನಡುವಿನ ಚೌಕಟ್ಟನ್ನು ನಿಧಾನವಾಗಿ ಮೇಲೆತ್ತಿದರು.

"ಅಕಾ, ಅಲ್ಲಿ ನೋಡಿ. ಉದ್ದ ಹೊಟ್ಟೆಯದು."

ರಾಣಿ ಎರಿಯ ಅಂಚಿಗೆ ಬಂದು, ಪಕ್ಕದ ಪಟ್ಟಿಯನ್ನು ಹತ್ತಿ, ಮೊಳೆ ಹೊಡೆದ ಜಾಗದ ಮೇಲೆಯೇ ನಡೆದು, ಆಚೆ ಬದಿಗೆ ಇಳಿದು ಮರೆಯಾಯಿತು. ವೀರಪ್ಪ ಎರಡು ಹೆಜ್ಜೆ ಮುಂದೆ ಬಂದಿದ್ದರು. ಬಾಯಿ ತುಸು ತೆರೆದೇ ಇತ್ತು.

"ಬಾಯಿ ಮುಚ್ಚರೀ," ಎಂದರು ದಾಕ್ಷಾಯಿಣಿ, "ಹುಳ ಹೋದೀತು."