ದೇವರ ಬಟ್ಟೆ ಒಣಹಾಕುವ ತಂತಿ

ಶುಕ್ರವಾರ. ಇನ್ನೂ ಬೆಳಕು ಹರಿದಿಲ್ಲ. ವಿನ್ನಿಪೆಗ್‌ನ ಉತ್ತರದ ಬೀದಿಗಳಲ್ಲಿ ನವೆಂಬರಿನ ಹಿಮ ಕಂಬಗಳಿಗೆ ಬೆಳ್ಳಗೆ ಅಂಟಿಕೊಂಡಿದೆ. ವೆಲ್ವೆಲ್ ಪ್ರೆಸ್‌ಮನ್ ತಮ್ಮ ಹಳೆಯ ವ್ಯಾನನ್ನು ಮೆಲ್ಲಗೆ ನಡೆಸುತ್ತ, ಕಂಬದಿಂದ ಕಂಬಕ್ಕೆ ನಿಲ್ಲಿಸುತ್ತ, ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡುತ್ತಾರೆ. ಮೇಲೊಂದು ತೆಳುವಾದ ತಂತಿ ಇದೆ. ಅದು ನೆಟ್ಟಗಿರಬೇಕು, ಎಲ್ಲಿಯೂ ತುಂಡಾಗಿರಬಾರದು. ಅನುಮಾನ ಬಂದಲ್ಲಿ ಕೊರಳಿನ ದುರ್ಬೀನು ಕಣ್ಣಿಗೇರುತ್ತದೆ.

ಅರ್ಧ ಸುತ್ತು ಮುಗಿದಾಗ ಓಸ್ತಾಪ್ ಹ್ರಿನ್‌ಚುಕ್ ಅವರ ಹಿತ್ತಿಲು ಬರುತ್ತದೆ. ಪ್ರತಿ ಶುಕ್ರವಾರ ಈ ಹೊತ್ತಿಗೆ ಆ ಮನೆಯ ಅಡುಗೆಮನೆಯಲ್ಲಿ ದೀಪ ಉರಿಯುತ್ತಿರುತ್ತದೆ. ಕಿಟಕಿಯಲ್ಲಿ ಓಸ್ತಾಪ್ ಅವರ ದಪ್ಪ ಮೀಸೆ ಕಾಣುತ್ತದೆ. ಕಪಾಟಿನಲ್ಲಿ, ತಮ್ಮ ಧರ್ಮದ ಊಟದ ನಿಯಮಕ್ಕಾಗಿ ವೆಲ್ವೆಲ್ ತಾವೇ ತಂದಿಟ್ಟಿರುವ ಒಂದು ಗಾಜಿನ ಲೋಟವಿದೆ, ಅದರಲ್ಲಿ ಕರಿ ಕಾಫಿ ಸಿಗುತ್ತದೆ. ಇಂದು ಕಿಟಕಿ ಕತ್ತಲಾಗಿದೆ.

ವೆಲ್ವೆಲ್ ಇಳಿದು ಬಾಗಿಲು ತಟ್ಟುತ್ತಾರೆ. ಬಾಗಿಲು ತೆರೆದವಳು ಓಸ್ತಾಪ್ ಅವರ ಮಗಳು ಲೆಸ್ಯಾ. ಮೈಮೇಲಿನ ಕೋಟು ಬಿಚ್ಚಿಲ್ಲ.

"ಅಪ್ಪ ಹೋದ್ರು, ವೆಲ್ವೆಲ್ ಮಾಮ. ನಿನ್ನೆ ಸಂಜೆ. ಕುರ್ಚಿಯಲ್ಲಿ ಕೂತಿದ್ದ ಹಾಗೇ."

ಸಾವಿನ ಸುದ್ದಿ ಕಿವಿಗೆ ಬಿದ್ದಾಗ ಯೆಹೂದ್ಯರು ಹೇಳುವ ಮಾತು ವೆಲ್ವೆಲ್ ಬಾಯಲ್ಲಿ ತಾನಾಗಿ ಬರುತ್ತದೆ. "ಸತ್ಯವಾಗಿ ತೀರ್ಪು ಕೊಡುವವನಿಗೆ ಸ್ತೋತ್ರ." ಟೋಪಿಯನ್ನು ತೆಗೆಯಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.

"ಸುತ್ತು ಇನ್ನೂ ಅರ್ಧ ಇದೆ ಅಲ್ವಾ?" ಲೆಸ್ಯಾ ಕೇಳುತ್ತಾಳೆ. "ಹೋಗಿ ಮುಗಿಸಿ. ಇಲ್ಲೇ ನಿಂತ್ಕೊಂಡ್ರೆ ಅಪ್ಪ ಎದ್ದು ಬಂದು ಬೈತಾರೆ."

ಅವರು ಮುಗಿಸುತ್ತಾರೆ. ಆದರೆ ಆ ಹಿತ್ತಿಲಿನ ಮುಂದಿನ ಬೀದಿಯನ್ನು ಎರಡು ಸಲ ಸುತ್ತಬೇಕಾಗುತ್ತದೆ. ಮೊದಲ ಸಲ ಕಣ್ಣು ಮಂಜಾಗಿ, ನೋಡಿದ್ದನ್ನು ತಮಗೇ ನಂಬಲಾಗಲಿಲ್ಲ. "ನಂಬಿಕೆ ಬರದೇ ಇದ್ರೆ ಸರಿಯಾಗಿದೆ ಅಂತ ಹೇಳೋ ಹಾಗಿಲ್ಲ. ನಾನು ಸರಿ ಅಂದ ಮೇಲೆ ಜನ ಮಗೂನ ಎತ್ಕೊಂಡು ಬೀದಿಗೆ ಇಳೀತಾರೆ" ಎನ್ನುತ್ತಾರೆ ವೆಲ್ವೆಲ್.

ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಆ ತಂತಿಗೆ ಏರೂವ್ ಎಂದು ಹೆಸರು. ಬೀದಿಯವರಿಗೆ ಅದು ಬರೀ ತಂತಿ. ಶುಕ್ರವಾರ ಹೊತ್ತು ಮುಳುಗಿದಲ್ಲಿಂದ ಶನಿವಾರ ನಕ್ಷತ್ರ ಮೂಡುವವರೆಗೆ, ಸಬ್ಬತ್ ಎಂಬ ವಿಶ್ರಾಂತಿಯ ದಿನ ಮುಗಿಯುವ ತನಕ, ಮನೆಯೊಳಗಿನದನ್ನು ಬೀದಿಗೆ ಹೊರುವಂತಿಲ್ಲ. ಬೀಗದ ಕೈಯಾಗಲಿ, ಪ್ರಾರ್ಥನೆಯ ಶಾಲಾಗಲಿ, ಕಂಕುಳ ಕೂಸಾಗಲಿ ಆಗದು. ಸುತ್ತಲೂ ಎಡೆಬಿಡದೆ ತಂತಿ ಹಾದುಹೋಗಿದ್ದರೆ ಮಾತ್ರ ಇಡೀ ಬಡಾವಣೆ ಒಂದೇ ಮನೆಯ ಅಂಗಳ ಎಂದು ಲೆಕ್ಕ. ಅಂಗಳದೊಳಗೆ ಹೊರಬಹುದು. ಎಲ್ಲೋ ಒಂದು ಕಡೆ ತುಂಡಾದರೂ ಅಂಗಳವೇ ಇಲ್ಲ. ವಾರವೂ ಅದನ್ನು ನೋಡಿ, ಬಿದ್ದದ್ದನ್ನು ಕಟ್ಟಿ, ಮಧ್ಯಾಹ್ನದೊಳಗೆ ಎಲ್ಲರ ಫೋನಿಗೆ "ಸರಿಯಾಗಿದೆ" ಎಂದು ಕಳಿಸುವ ಕೆಲಸ ವೆಲ್ವೆಲ್ ಅವರದು.

ಸಿನಗಾಗ್‌ನಲ್ಲಿ ಅವರನ್ನು ಹೆಚ್ಚು ಜನ ಗಮನಿಸುವುದಿಲ್ಲ. ಬಾಯ್ಲರ್ ಹೊತ್ತಿಸುವವರು, ಕುರ್ಚಿ ಹಾಕುವವರು, ಮೆಟ್ಟಿಲ ಹಿಮ ತೆಗೆಯುವವರು ಅವರೇ. ಮೊದಲು ಟೆಲಿಫೋನ್ ತಂತಿ ಎಳೆಯುವ ಕೆಲಸದಲ್ಲಿದ್ದರು. ಒಂದು ಚಳಿಗಾಲ ಏಣಿಯಿಂದ ಜಾರಿ ಎಡಮಂಡಿ ಹೋಯಿತು, ಕೆಲಸವೂ ಹೋಯಿತು. ಈಗ ವಯಸ್ಸು ಅರವತ್ತೆಂಟು. ಮಂಡಿ ಈಗಲೂ ಹವಾಮಾನ ಹೇಳುತ್ತದೆ ಎಂದು ಹೆಂಡತಿ ಬ್ರೈನಾ ತಮಾಷೆ ಮಾಡುತ್ತಾರೆ. "ಇವರ ಮಂಡಿ ಕಿರುಗುಟ್ಟಿದ್ರೆ ನಾನು ಒಗೆದ ಬಟ್ಟೆ ಒಳಗೆ ತರ್ತೀನಿ."

ಇಪ್ಪತ್ತು ವರ್ಷದ ಹಿಂದೆ ತಂತಿ ಹಾಕುವ ಮಾತು ಬಂದಾಗ ಬಡಾವಣೆಯ ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಬೇಡವೆಂದವರು ಓಸ್ತಾಪ್. "ಇವತ್ತು ತಂತಿ, ನಾಳೆ ಗೋಡೆ. ಯೆಹೂದ್ಯರು ನಮ್ಮ ಮನೇನೂ ಸೇರಿಸಿ ಸುತ್ತುಗಟ್ತಾರೆ" ಎಂದು ಎದ್ದು ನಿಂತಿದ್ದರು. ಬಡಾವಣೆಯ ಅರ್ಧ ಜನ ಉಕ್ರೇನಿನಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಅವರೆಲ್ಲ ಹೌದೆಂದು ತಲೆಯಾಡಿಸಿದ್ದರು.

"ನಮ್ಮಲ್ಲೂ ಅನುಮಾನ ಏನು ಕಡಿಮೆ ಇರ್ಲಿಲ್ಲ" ಎನ್ನುತ್ತಾರೆ ವೆಲ್ವೆಲ್. "ನಮ್ಮಮ್ಮ ಆ ಕಡೆಯಿಂದಲೇ ಬಂದೋಳು. ಉಕ್ರೇನಿಯನ್ನರ ಮನೆ ಮುಂದೆ ಹೋಗುವಾಗ ನನ್ನ ಕೈ ಬಿಗಿಯಾಗಿ ಹಿಡ್ಕೊಳ್ಳೋಳು. ಅವಳು ಹೋದ ಮೇಲೂ ಆ ಬಿಗಿ ನನ್ನ ಕೈಯಲ್ಲೇ ಉಳಿದಿತ್ತು. ಓಸ್ತಾಪ್ ಎದ್ದು ನಿಂತಾಗ, ಇವರು ಇಷ್ಟೇ ಕಣಯ್ಯ ಅಂದ್ಕೊಂಡು ಮನೆಗೆ ಬಂದೆ."

ಆದರೂ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು, ತಂತಿ ಬಂತು. ಅದು ಓಸ್ತಾಪ್ ಅವರ ಹಿತ್ತಿಲ ಬೇಲಿಯ ಮೇಲೇ ಹಾದುಹೋಯಿತು. ಒಂದು ಶುಕ್ರವಾರ ಸಂಜೆಯ ಗಾಳಿಗೆ ಅಲ್ಲಿ ತುಂಡಾಗಿ ಬಿತ್ತು. ಓಸ್ತಾಪ್ ಕಂಡರು, ಕಂಡೂ ಸುಮ್ಮನಾದರು. ಮಾರನೆಯ ಬೆಳಗ್ಗೆ ಹೇಗೋ ವಿಷಯ ಗೊತ್ತಾಗಿ ಮನೆಯಿಂದ ಮನೆಗೆ ಸುದ್ದಿ ಹೋಯಿತು. ಹಿಂದಿನ ಬೀದಿಯಲ್ಲಿ ಒಬ್ಬ ತಾಯಿ ಹಸುಗೂಸನ್ನು ಎತ್ತಿಕೊಂಡು ಮನೆಯ ಬಾಗಿಲಲ್ಲೇ ನಿಂತಿದ್ದಳು. ನಾಯಿಯ ಜೊತೆ ಹೊರಟಿದ್ದ ಓಸ್ತಾಪ್ ಹೋಗುವಾಗಲೂ ಕಂಡರು, ಬರುವಾಗಲೂ ಕಂಡರು.

"ಬೀಗ ಬಿದ್ದಿದೆಯೇನಮ್ಮ?" ಎಂದು ಕೇಳಿದರು.

"ಇಲ್ಲ. ತಂತಿ ಬಿದ್ದಿದೆ. ಇವತ್ತು ಸಿನಗಾಗ್‌ನಲ್ಲಿ ನನ್ನ ಮಗಳಿಗೆ ಹೆಸರಿಡ್ತಾರೆ. ಇವಳಪ್ಪ ಆಗಲೇ ಅಲ್ಲಿಗೆ ಹೋಗಿದ್ದಾರೆ. ನಾನು ಇವಳನ್ನ ಎತ್ಕೊಂಡು ಮೆಟ್ಟಿಲು ಇಳಿಯೋ ಹಾಗಿಲ್ಲ."

ಓಸ್ತಾಪ್ ಆ ದಿನದ ಮಾತನ್ನು ಯಾರಿಗೂ ಹೇಳಲಿಲ್ಲ. ಆದರೆ ಮುಂದಿನ ಸಲ ತಂತಿ ಬಿದ್ದಾಗ ವೆಲ್ವೆಲ್ ಮನೆಯ ಫೋನು ಬಡಿದುಕೊಂಡಿತು. "ಏಯ್, ನಿನ್ನ ದೇವರ ಬಟ್ಟೆ ಒಣಹಾಕೋ ತಂತಿ ಬಿದ್ದಿದೆ. ಬಾ." ವೆಲ್ವೆಲ್ ಹೋದಾಗ ಏಣಿ ಆಗಲೇ ಬೇಲಿಗೆ ಒರಗಿತ್ತು, ಓಸ್ತಾಪ್ ಅದರ ಕಾಲು ಹಿಡಿದು ನಿಂತಿದ್ದರು. ಆಮೇಲೆ ಓಸ್ತಾಪ್ ಇರುವವರೆಗೆ ಆ ಏಣಿಯನ್ನು ಇನ್ನೊಬ್ಬರು ಹಿಡಿಯಲಿಲ್ಲ. ತಂತಿಯ ಮೇಲೆ ಬೀಳುತ್ತಿದ್ದುದು ಓಸ್ತಾಪ್ ಅವರದೇ ಸೇಬಿನ ಮರದ ಕೊಂಬೆ. ಕಡಿಯೋಣ ಎಂದರೆ ಕಡಿಯಲು ಬಿಡುತ್ತಿರಲಿಲ್ಲ. "ಮರ ಕಡಿದ್ರೆ ನೀನು ಯಾಕೆ ಬರ್ತೀಯ ಇಲ್ಲಿಗೆ?" ಎನ್ನುತ್ತಿದ್ದರು.

ಓಸ್ತಾಪ್ ತೀರಿಕೊಂಡು ಮೂರು ದಿನವಾದ ಮೇಲೆ, ಭಾನುವಾರ, ಲೆಸ್ಯಾ ಫೋನು ಮಾಡುತ್ತಾಳೆ. ನೆಂಟರು ದೂರದಿಂದ ಬರಬೇಕು, ಅಂತ್ಯಕ್ರಿಯೆ ಮುಂದಿನ ಶನಿವಾರ. ಶವಪೆಟ್ಟಿಗೆ ಹೊರುವವರು ಆರು ಜನ. "ಅದರಲ್ಲಿ ನೀವೊಬ್ಬರು. ಅಪ್ಪನೇ ಹೇಳಿಟ್ಟಿದ್ರು."

"ಶನಿವಾರ ನನ್ನ ಕೈಲಾಗಲ್ಲಮ್ಮ."

"ಇಪ್ಪತ್ತು ವರ್ಷ ಅಪ್ಪ ನಿಮ್ಮ ಏಣಿ ಹಿಡಿದ್ರು. ಅವರನ್ನ ಹಿಡಿಯೋಕೆ ನಿಮಗೊಂದು ಕೈ ಇಲ್ವಾ? ನಮ್ಮವರು ಹೇಳ್ತಿದ್ದದ್ದೇ ಸರಿ ಇರ್ಬೇಕು. ನಿಮ್ಮವರು ಒಂದು ಗೆರೆವರೆಗೆ ಮಾತ್ರ ಬರ್ತೀರ." ಫೋನು ಇಟ್ಟುಬಿಡುತ್ತಾಳೆ.

ಬ್ರೈನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. "ರೀ, ಅಷ್ಟೇನಾ ಹೇಳಿದ್ದು? ತಂತಿ ಬಗ್ಗೆ ಕೇಳಿದ್ರೆ ಊಟ ಆರೋವರೆಗೂ ಮಾತಾಡ್ತೀರ. ಸ್ನೇಹಿತನ ಮಗಳಿಗೆ ಒಂದೇ ಮಾತು."

"ಆಗಲ್ಲ ಅನ್ನೋದನ್ನ ಇನ್ನು ಹೇಗೆ ಹೇಳ್ಲಿ?"

"ಆಗಲ್ಲ ಅನ್ನೋದು ಬೇರೆ, ಬರಲ್ಲ ಅನ್ನೋದು ಬೇರೆ. ಅವಳಿಗೆ ಕೇಳಿಸಿದ್ದು ಎರಡನೇದು."

ವೆಲ್ವೆಲ್ ಮತ್ತೆ ಮತ್ತೆ ಫೋನು ಮಾಡುತ್ತಾರೆ. ಲೆಸ್ಯಾ ಎತ್ತುವುದಿಲ್ಲ. ವಾರವಿಡೀ ಅವರಿಗೆ ಅನ್ನ ಸೇರುವುದಿಲ್ಲ. ಸ್ನೇಹಿತ ಹೋದದ್ದು ದೇವರ ಚಿತ್ತ. ಆದರೆ ಇಪ್ಪತ್ತು ವರ್ಷ ಜತನದಿಂದ ಕಾಪಾಡಿಕೊಂಡದ್ದು ತಮ್ಮ ಒಂದೇ ಮಾತಿನಿಂದ ತುಂಡಾಗಿಬಿಟ್ಟಿತೇ ಎಂಬುದು ಅವರ ಸಂಕಟ. ಶುಕ್ರವಾರ ಬೆಳಗಿನ ಸುತ್ತಿನಲ್ಲಿ ಆ ಕತ್ತಲ ಕಿಟಕಿಯ ಮುಂದೆ ವ್ಯಾನು ನಿಲ್ಲುವುದಿಲ್ಲ. ತಂತಿ ಸರಿಯಾಗಿದೆ.

ಮಧ್ಯಾಹ್ನದ ಹೊತ್ತಿಗೆ ಒದ್ದೆ ಹಿಮ ಬೀಳತೊಡಗುತ್ತದೆ. ಮಂಡಿ ಕಿರುಗುಟ್ಟುತ್ತದೆ. ಅಷ್ಟರಲ್ಲಿ ಫೋನು.

"ನಿಮ್ಮ ದೇವರ ಬಟ್ಟೆ ಒಣಹಾಕೋ ತಂತಿ ಬಿದ್ದಿದೆ." ದನಿ ಲೆಸ್ಯಾಳದು, ಮಾತು ಅವಳಪ್ಪನದು. "ಅದೇ ಕೊಂಬೆ. ಬನ್ನಿ."

ಅವರು ಹೋದಾಗ ಏಣಿ ಬೇಲಿಗೆ ಒರಗಿದೆ. ಲೆಸ್ಯಾ ಅದರ ಕಾಲು ಹಿಡಿದು ನಿಂತಿದ್ದಾಳೆ, ಮುಖ ನೋಡುವುದಿಲ್ಲ. ವೆಲ್ವೆಲ್ ಇಕ್ಕಳ ಹಿಡಿದು ಮೇಲೇರುತ್ತಾರೆ. ಹೊತ್ತು ಮುಳುಗಲು ಹೆಚ್ಚು ಸಮಯವಿಲ್ಲ. ಕೆಳಗೆ ನಿಂತು ಹೇಳಲಾಗದ್ದು ಮೇಲಿಂದ ಬಾಯಿಗೆ ಬರುತ್ತದೆ.

"ಈ ತಂತಿ ಜೀವ ಇರೋರಿಗಮ್ಮ. ಕೂಸನ್ನ ಎತ್ಕೊಳ್ಳಬಹುದು, ಮುದುಕರಿಗೆ ಊಟ ಒಯ್ಯಬಹುದು. ಸಬ್ಬತ್ ದಿನ ಶವ ಎತ್ತೋದು ಮಾತ್ರ ತಂತಿ ಒಳಗೂ ಇಲ್ಲ, ಹೊರಗೂ ಇಲ್ಲ. ನಮ್ಮಪ್ಪ ಹೋದದ್ದು ಶುಕ್ರವಾರ ರಾತ್ರಿ. ಶನಿವಾರ ಇಡೀ ದಿನ ಪಕ್ಕದಲ್ಲಿ ಕೂತಿದ್ದೆ. ಹೆತ್ತಪ್ಪ ಆದ್ರೂ ಎತ್ತಲಿಲ್ಲ."

ಲೆಸ್ಯಾ ಈಗ ಮೇಲೆ ನೋಡುತ್ತಾಳೆ. "ಇದನ್ನ ಭಾನುವಾರವೇ ಹೇಳೋಕೇನಾಗಿತ್ತು?"

"ಬಾಯಿಗೆ ಬರ್ಲಿಲ್ಲ. ಬಂದಾಗ ನೀನು ಫೋನು ಎತ್ತಲಿಲ್ಲ."

"ಚರ್ಚಿನ ಒಳಗೂ ಬರಲ್ಲ, ಅಲ್ವಾ?"

"ಇಲ್ಲ. ಮೆಟ್ಟಿಲ ಹತ್ರ ನಿಂತಿರ್ತೀನಿ."

"ಚಳಿ ಇರುತ್ತೆ."

"ಟೋಪಿ ಇದೆ."

ಲೆಸ್ಯಾ ಮೂಗು ಒರೆಸಿಕೊಳ್ಳುತ್ತಾಳೆ. "ಗಟ್ಟಿಯಾಗಿ ಕಟ್ಟಿ ಮಾಮ. ಅಪ್ಪ ಇಲ್ಲ ಅಂತ ಸಡಿಲ ಬಿಡಬೇಡಿ."

ಶನಿವಾರ ವೆಲ್ವೆಲ್ ಬೆಳಗಿನ ಪ್ರಾರ್ಥನೆಯನ್ನು ಮನೆಯಲ್ಲೇ ಮುಗಿಸಿ, ಹಿಮದಲ್ಲಿ ನಡೆದುಕೊಂಡು ಬಂದು ಚರ್ಚಿನ ಮೆಟ್ಟಿಲ ಕೆಳಗೆ ನಿಲ್ಲುತ್ತಾರೆ. ಒಳಗೆ ಹಾಡು ಬಹಳ ಹೊತ್ತು ನಡೆಯುತ್ತದೆ. ಕೊನೆಗೆ ಬಾಗಿಲು ತೆರೆದು ಪೆಟ್ಟಿಗೆ ಹೊರಬರುತ್ತದೆ. ಹಿಡಿದವರು ಐದೇ ಜನ. ಎಡಗಡೆಯ ಮುಂದಿನ ಹಿಡಿಕೆಯಲ್ಲಿ ಯಾರ ಕೈಯೂ ಇಲ್ಲ. ಲೆಸ್ಯಾ ವೆಲ್ವೆಲ್ ಕಡೆ ನೋಡಿ ಆ ಜಾಗವನ್ನು ತೋರಿಸುತ್ತಾಳೆ.

ಅವರು ಹೋಗಿ ಅಲ್ಲಿ ನಿಲ್ಲುತ್ತಾರೆ. ಕೈಗಳನ್ನು ಕೆಳಗೆ ಬಿಟ್ಟುಕೊಂಡು, ಹಿಡಿಕೆಯನ್ನು ಮುಟ್ಟದೆ, ಐದು ಜನರ ಹೆಜ್ಜೆಗೆ ಹೆಜ್ಜೆ ಕೂಡಿಸಿ ಮೆಟ್ಟಿಲು ದಾಟಿ ಶವದ ಬಂಡಿಯವರೆಗೆ ನಡೆಯುತ್ತಾರೆ.

"ಬರಿಗೈಯಲ್ಲಿ ಯಾಕೆ ನಡೀತಾನೆ ಇವನು?" ನೆಂಟರಲ್ಲಿ ಒಬ್ಬ ಮುದುಕ ಗೊಣಗುತ್ತಾನೆ. "ಭಾರ ಎಲ್ಲ ನಮಗೆ, ಮೆರವಣಿಗೆ ಅವನಿಗೆ."

"ಅವರ ಕೈಗೆ ಇವತ್ತು ರಜೆ, ಚಿಕ್ಕಪ್ಪ" ಎನ್ನುತ್ತಾಳೆ ಲೆಸ್ಯಾ. "ಜಾಗ ಮಾತ್ರ ಅವರದೇ. ಅಪ್ಪ ಕೊಟ್ಟದ್ದು."

ಸ್ಮಶಾನ ನದಿಯ ಆಚೆಗಿದೆ, ಸಬ್ಬತ್ ದಿನವಾದ್ದರಿಂದ ವೆಲ್ವೆಲ್ ಇಂದು ಗಾಡಿ ಹತ್ತುವುದಿಲ್ಲ. ಹೊರಡುವ ಮುನ್ನ ಲೆಸ್ಯಾ ಹತ್ತಿರ ಬಂದು, ಚೀಲದಿಂದ ಒಂದು ಸೇಬು ತೆಗೆದು ಅವರ ಮುಂದೆ ಹಿಡಿಯುತ್ತಾಳೆ. ಅದೇ ಮರದ್ದು, ನೆಲಮಾಳಿಗೆಯಲ್ಲಿ ಇಟ್ಟು ಸಿಪ್ಪೆ ಸುಕ್ಕಾಗಿದೆ.

"ಇದನ್ನ ಹೊತ್ಕೊಂಡು ಹೋಗ್ಬಹುದಾ?"

ಚರ್ಚಿನ ಬೀದಿ ಅಂಗಳದೊಳಗೇ ಇದೆ. ವೆಲ್ವೆಲ್ ಅಭ್ಯಾಸದಿಂದ ಎದುರಿನ ಕಂಬದ ಕಡೆ ಒಮ್ಮೆ ತಲೆಯೆತ್ತಿ ನೋಡುತ್ತಾರೆ.

"ಹೋಗ್ಬಹುದು. ನಿನ್ನೆ ಏಣಿ ಹಿಡಿದೋಳು ನೀನೇ ಅಲ್ವಾ."

ಓಸ್ತಾಪ್ ಅವರ ಮನೆ ಈಗ ಮಾರಾಟಕ್ಕಿದೆ. ವೆಲ್ವೆಲ್ ಬರಲೆಂದು ಲೆಸ್ಯಾ ಹಿತ್ತಿಲ ಬಾಗಿಲ ಚಿಲಕ ತೆಗೆದೇ ಇಟ್ಟಿದ್ದಾಳೆ, ಕಪಾಟಿನ ಲೋಟವನ್ನೂ ತೆಗೆದಿಲ್ಲ. ಇನ್ನೇನು ಆಸೆ ಇದೆ ಎಂದು ಕೇಳಿದರೆ ವೆಲ್ವೆಲ್ ಯೋಚಿಸಿ ಹೇಳುತ್ತಾರೆ: "ಆ ಮನೆಗೆ ಯಾರೇ ಬರಲಿ, ಯಾವ ದೇವರನ್ನೇ ನಂಬಲಿ. ತಂತಿ ಬಿದ್ದಾಗ ಒಂದು ಫೋನು ಮಾಡಿದ್ರೆ ಸಾಕು. ಬೈದ್ರೂ ಪರವಾಗಿಲ್ಲ. ಓಸ್ತಾಪ್ ಬೈದೇ ಮಾಡ್ತಿದ್ದ."

ಆ ಶನಿವಾರ ಮನೆ ಸೇರಿ, ಹಣ್ಣಿಗೆ ಹೇಳುವ ಸ್ತೋತ್ರ ಹೇಳಿ, ಸೇಬನ್ನು ಬ್ರೈನಾ ಜೊತೆ ಹಂಚಿಕೊಂಡು ತಿಂದರು. ಬೀಜಗಳನ್ನು ಕಿಟಕಿಯ ಬಳಿ ಇಟ್ಟಿದ್ದಾರೆ. ಈಗ ಪ್ರತಿ ಶುಕ್ರವಾರ ಆ ಹಿತ್ತಿಲ ಮುಂದೆ ವ್ಯಾನು ಮೊದಲಿನಂತೆ ನಿಲ್ಲುತ್ತದೆ. ತಂತಿಯನ್ನು ನೋಡಿದ ಮೇಲೆ ವೆಲ್ವೆಲ್ ಕತ್ತಲ ಕಿಟಕಿಯ ಕಡೆ ತಿರುಗಿ, ತೀರಿಹೋದ ತಮ್ಮವರಿಗಾಗಿ ಹೇಳುವ ಪ್ರಾರ್ಥನೆಯನ್ನೇ ಸ್ನೇಹಿತನಿಗೂ ಹೇಳುತ್ತಾರೆ: ಕರುಣಾಳುವಾದ ದೇವರೇ, ನಿನ್ನ ರೆಕ್ಕೆಯ ನೆರಳಲ್ಲಿ ಓಸ್ತಾಪನಿಗೆ ಜಾಗ ಕೊಡು. ಜೀವಂತರ ಕಟ್ಟಿನಲ್ಲಿ ಅವನ ಪ್ರಾಣವೂ ಸೇರಿರಲಿ. ಅವನು ನೆಮ್ಮದಿಯಾಗಿ ಮಲಗಿರಲಿ. ಆಮೆನ್.