ಹಿಂದೆ ಉಳಿಯಲು ಸೈಕಲ್ ಕಲಿತ ಮಾನಮ್ಮ

ಭಾನುವಾರ ಬೆಳಗಿನ 5.40. ಘಣಸೋಲಿ ಸ್ಟೇಷನ್ನಿನ ಹೊರಗೆ, ಬೀದಿದೀಪದ ಕೆಳಗೆ ಮಾನಮ್ಮ ಒಂದು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಾರೆ. ಠಾಣೆಯ ಕಡೆಯಿಂದ ಬಂದ ಲೋಕಲ್‌ನಿಂದ ಚಡ್ಡಿ, ಬೂಟು ತೊಟ್ಟವರು ಇಳಿದು ಬರುತ್ತಾರೆ. ಒಬ್ಬೊಬ್ಬರಾಗಿ ತಮ್ಮ ರೈಲ್ವೆ ಪಾಸನ್ನು ಡಬ್ಬಿಗೆ ಹಾಕುತ್ತಾರೆ. ಬೈಕಿನಲ್ಲಿ ಬಂದವರು ಬೀಗದ ಕೈ ಹಾಕುತ್ತಾರೆ. ಹಾಕದವರಿಗೆ ಗುಡ್ಡದ ದಾರಿ ಬಂದ್.

ಮಾನಮ್ಮನಿಗೆ ಓದಲು ಬರುವುದಿಲ್ಲ. ಪಾಸಿನ ಜೊತೆಗಿರುವ ಗುರುತಿನ ಚೀಟಿಯ ಫೋಟೊ ನೋಡಿ, ಎದುರಿಗಿರುವ ಮುಖ ನೋಡಿ ತಾಳೆ ಹಾಕಿಕೊಳ್ಳುತ್ತಾರೆ. ಡೊಂಬಿವಲಿಯಿಂದ ಬಂದ ಒಬ್ಬರ ಪಾಸು ಹಿಡಿದು ದೀಪಕ್ಕೆ ಎತ್ತುತ್ತಾರೆ.

"ಇದ್ರಾಗ ತಲಿ ತುಂಬ ಕೂದ್ಲ ಅದಾವ. ಇವ್ರು ನಿಮ್ಮ ತಮ್ಮಾ ಏನ್ರಿ?"

"ನಾನೇ ಮಾವ್ಶಿ. ಲಗ್ನಕ್ಕಿಂತ ಮೊದಲಿನ ಫೋಟೊ."

"ಹಂಗಾರ ಹಾಕ್ರಿ," ಎಂದು ಡಬ್ಬಿ ಮುಂದೆ ಮಾಡುತ್ತಾರೆ. ಸುತ್ತಲಿನವರ ನಗು ಪ್ಲಾಟ್‌ಫಾರಮ್ಮಿನವರೆಗೆ ಕೇಳುತ್ತದೆ.

ಇವತ್ತು ಡಬ್ಬಿಯಲ್ಲಿ 41 ಬಿದ್ದಿವೆ. ಡಬ್ಬಿಯನ್ನು ಚೀಲಕ್ಕೆ ಹಾಕಿ, ಚೀಲವನ್ನು ಬೆನ್ನಿಗೇರಿಸಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು ಮಾನಮ್ಮ ಕಾಯುತ್ತಾರೆ. ಎಲ್ಲರೂ ಓಡಲು ತೊಡಗಿ, ಕಟ್ಟಕಡೆಯವರು ತಿರುವು ದಾಟಿದ ಮೇಲೆ ಅವರ ಕೆಲಸ ಶುರು. ಗವಳಿದೇವ ಗುಡ್ಡದ ಹನ್ನೆರಡು ಕಿಲೋಮೀಟರ್ ಕಾಲುದಾರಿಯಲ್ಲಿ ಅವರು ಎಲ್ಲರಿಗಿಂತ ಹಿಂದೆ ಇರುತ್ತಾರೆ. ದಾರಿ ತೋರಿಸಲು ಗಿಡಗಳಿಗೆ ಕಟ್ಟಿದ ಕೆಂಪು ಪಟ್ಟಿಗಳನ್ನು ಬಿಚ್ಚುತ್ತಾ, ಕಾಲು ಉಳುಕಿದವರನ್ನು ಕೂರಿಸಿ ತಿಕ್ಕುತ್ತಾ, ದಾರಿ ತಪ್ಪಿದವರನ್ನು ಕೂಗಿ ಕರೆಯುತ್ತಾ ಬರುತ್ತಾರೆ. ಕೆಳಗೆ ಬಂದು ಪಾಸು ಹಂಚುತ್ತಾರೆ. ಡಬ್ಬಿ ಖಾಲಿಯಾದರೆ ಓಟ ಮುಗಿಯಿತು.

ಮಾನಮ್ಮನಿಗೆ ಈಗ ನಲವತ್ತಾರು, "ಇಲ್ಲಾಂದ್ರ ನಲವತ್ತೆಂಟು". ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯವರು. ಘಣಸೋಲಿಯಲ್ಲಿ ಹೊಸ ಸೆಕ್ಟರುಗಳು ಏಳುತ್ತಿದ್ದ 2003ರಲ್ಲಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದರು. ಎಂಟು ವರ್ಷ ಇಟ್ಟಿಗೆ ಹೊತ್ತರು. ಒಲೆಗೆ ಕಟ್ಟಿಗೆ ತರಲು ದಿನವೂ ಗುಡ್ಡ ಹತ್ತುತ್ತಿದ್ದುದರಿಂದ ಅಲ್ಲಿನ ಪ್ರತಿ ಕವಲು ಕಾಲಿಗೆ ಗೊತ್ತು. 2011ರಲ್ಲಿ ಗಂಡ ಕಾಮಾಲೆಯಿಂದ ತೀರಿಕೊಂಡರು. ಈಗ ವಾರದ ಆರು ದಿನ ರಸ್ತೆ ನಡುವಿನ ಗಿಡಗಳಿಗೆ ನೀರು ಹಾಕುವ ಗುತ್ತಿಗೆ ಕೆಲಸ. ಮಗಳು ದ್ರೌಪದಿಗೆ ಇಪ್ಪತ್ತೊಂದು, ರಬಾಳೆಯ ಒಂದು ಕಚೇರಿಯಲ್ಲಿ ನೌಕರಿ.

ಗುಡ್ಡದ ಕೆಲಸ ಸಿಕ್ಕಿದ್ದು ಬೈಗುಳದಿಂದ. 2009ರ ಡಿಸೆಂಬರಿನಲ್ಲಿ ಓಟಕ್ಕೆ ಹೋಗಿದ್ದ ಏಳು ಮಂದಿ ಹಳ್ಳವೊಂದರಲ್ಲಿ ಸಿಕ್ಕಿಕೊಂಡಿದ್ದರು. ಕಟ್ಟಿಗೆಯ ಹೊರೆ ಹೊತ್ತ ಹೆಂಗಸೊಬ್ಬಳು ಮೇಲಿಂದ, "ಕಣ್ಣ್ ಕಾಣಂಗಿಲ್ಲೇನ್ ಇವ್ರಿಗೆ, ದಾರಿ ಬಿಟ್ಟು ಹಾಳ್‌ಬಾವ್ಯಾಗ ಇಳದಾರ" ಎಂದು ತನ್ನಷ್ಟಕ್ಕೆ ಬೈಯುವುದು ಕೇಳಿಸಿತು. ಏಳು ಮಂದಿಯಲ್ಲಿದ್ದ ಲೀಲಾಧರ ಕೂಗಿದರು: "ಅಮ್ಮ, ಕಣ್ಣು ಕಾಣುತ್ತದೆ, ದಾರಿ ಕಾಣುವುದಿಲ್ಲ!" ಉಡುಪಿ ಕಡೆಯ ಲೀಲಾಧರ ಘಣಸೋಲಿಯಲ್ಲಿ ಹೋಟೆಲ್ ನಡೆಸುತ್ತಾರೆ, ಓಟ, ಸೈಕಲ್ ಪ್ರವಾಸಗಳ ಈ ಬಳಗವನ್ನು ಕಟ್ಟಿದವರೂ ಅವರೇ. ಮುಂದಿನ ವಾರದಿಂದ ಮಾನಮ್ಮ ಬಳಗದ ಕೊನೆಯವರಾದರು. ಭಾನುವಾರದ ಕೂಲಿ, ಜೊತೆಗೆ ಲೀಲಾಧರರ ಹೋಟೆಲಿನಲ್ಲಿ ತಿಂಡಿ.

ಪಾಸಿನ ನಿಯಮ ಬಂದದ್ದು ಒಂದು ವರ್ಷದ ನಂತರ, ಸರ್ವೋತ್ತಮ ಎಂಬವರಿಂದ. ಠಾಣೆಯ ನಿವಾಸಿ, ಕಲ್ಯಾಣದ ಕಂಪನಿಯೊಂದರಲ್ಲಿ ಲೆಕ್ಕಿಗ. ಒಂದು ಭಾನುವಾರ ಉಳಿದವರೆಲ್ಲ ಇಳಿದು ಬಂದ ಮೇಲೂ ಅವರ ಬಟ್ಟೆ, ಫೋನು ಇದ್ದ ಚೀಲ ಹೋಟೆಲಿನಲ್ಲೇ ಉಳಿದಿತ್ತು. ಮಾನಮ್ಮ ತಿರುಗಿ ಗುಡ್ಡ ಹತ್ತಿದರು. ಮಧ್ಯಾಹ್ನ ಮೂರರವರೆಗೆ ಒಂದೊಂದೇ ಹಳ್ಳ ಇಳಿದು ಹುಡುಕಿದರು.

"ಸರ್ವೋತ್ತಮ ಅಂದ್ರ ಎಷ್ಟ್ ಉದ್ದ ಹೆಸರ ನೋಡ್ರಿ. ಕೂಗಿ ಕೂಗಿ ಉಸರ ಸಾಲ್ಲಿಲ್ಲ," ಎಂದು ಮಾನಮ್ಮ ನೆನೆಯುತ್ತಾರೆ.

ಸರ್ವೋತ್ತಮ ಆ ಹೊತ್ತಿಗೆ ಠಾಣೆಯ ತಮ್ಮ ಮನೆಯಲ್ಲಿ ನಿದ್ದೆ ಮಾಡುತ್ತಿದ್ದರು. "ಗುಡ್ಡ ಇಳಿದು ಬಂದೆ, ಸ್ಟೇಷನ್ನಿನಲ್ಲಿ ಠಾಣೆ ಗಾಡಿ ನಿಂತಿತ್ತು," ಎಂದು ಅವರು ಈಗಲೂ ತಲೆ ಕೆರೆದುಕೊಳ್ಳುತ್ತಾರೆ. "ಇಪ್ಪತ್ತಾರು ವರ್ಷದ ಅಭ್ಯಾಸ ಮಾರಾಯ್ರೆ. ಗಾಡಿ ಕಂಡರೆ ಕಾಲು ನಮ್ಮ ಮಾತು ಕೇಳುವುದಿಲ್ಲ. ಹತ್ತಿಬಿಟ್ಟೆ. ಮನೆಗೆ ಹೋಗಿ ಮಿಂದೆ, ಉಂಡೆ, ಮಲಗಿದೆ. ಚೀಲದ ನೆನಪಾದದ್ದು ಎದ್ದ ಮೇಲೆ."

ಮರುವಾರ ಮಾನಮ್ಮ ಹೋಟೆಲಿನಿಂದ ಚಟ್ನಿಯ ಹಳೆಯ ಡಬ್ಬಿಯೊಂದನ್ನು ಕೇಳಿ ತಂದರು. ಈ ಊರಿನವರು ಚೀಲ ಮರೆತಾರು, ಫೋನ್ ಮರೆತಾರು, ಪಾಸು ಮರೆಯುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಿಲ್ಲ. ಲೀಲಾಧರರ ಡೈರಿಯ ಪ್ರಕಾರ ಅಲ್ಲಿಂದೀಚೆಗೆ 94 ಓಟಗಳಲ್ಲಿ 3,112 ಸಲ ಜನ ಗುಡ್ಡ ಹತ್ತಿದ್ದಾರೆ, ಅಷ್ಟೂ ಸಲ ಇಳಿದಿದ್ದಾರೆ. ಪಾಸು ಈಗ ಫೋನಿನೊಳಗೇ ಬರತೊಡಗಿದೆಯಲ್ಲ, ಮುಂದೇನು ಎಂದು ಕೇಳಿದರೆ ಮಾನಮ್ಮ ಯೋಚಿಸುವುದೂ ಇಲ್ಲ. "ಫೋನ ಹಾಕ್ಲಿ ಡಬ್ಬ್ಯಾಗ."

ತೊಡಕು ಬಂದದ್ದು ಗುಡ್ಡದಲ್ಲಲ್ಲ, ರಸ್ತೆಯಲ್ಲಿ. ಪ್ರತಿ ಫೆಬ್ರವರಿ ಬಳಗಕ್ಕೆ ಒಂದು ದೊಡ್ಡ ಪ್ರವಾಸ ಇರುತ್ತದೆ. ಕಲ್ಯಾಣದಿಂದ ಮುರಬಾಡ್ ದಾರಿಯಲ್ಲಿ ಅರವತ್ತೆರಡು ಕಿಲೋಮೀಟರ್ ಸೈಕಲ್ ತುಳಿದು, ಘಟ್ಟದ ಬುಡದಲ್ಲಿ ರಾತ್ರಿ ತಂಗಿ, ಮರುದಿನ ಹದಿನಾಲ್ಕು ಕಿಲೋಮೀಟರ್ ಕಾಡುದಾರಿಯ ಓಟ. ಸೈಕಲ್ ಬಾರದ ಮಾನಮ್ಮ ಕಲ್ಯಾಣದಲ್ಲೇ ಪಾಸುಗಳನ್ನು ಡಬ್ಬಿಗೆ ಹಾಕಿಸಿಕೊಂಡು, ಸಾಮಾನಿನ ಟೆಂಪೊದಲ್ಲಿ ಮುಂದಾಗಿ ಹೋಗಿ ಬುಡದಲ್ಲಿ ಕಾಯುತ್ತಿದ್ದರು. ಕಳೆದ ವರ್ಷ ಸೈಕಲ್ ಸಾಲಿನ ಹಿಂದೆ ಇರಬೇಕಾಗಿದ್ದ ಯುವಕ ಬೇಸರಗೊಂಡು ಮುಂದೆ ಹೋಗಿಬಿಟ್ಟ. ಸಂಜೆ ಡಬ್ಬಿಯಲ್ಲಿ ಒಂದು ಪಾಸು ಉಳಿಯಿತು. ಫೋಟೊದಲ್ಲಿದ್ದವರು ಡೊಂಬಿವಲಿಯ ಸತ್ಯಭಾಮಾ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಅರವತ್ತೊಂದರ ಮಹಿಳೆ. ಬಳಗದಲ್ಲೇ ನಿಧಾನದವರು.

ಟೆಂಪೊ ತಿರುಗಿಸಿಕೊಂಡು ಹೋದಾಗ ಅವರು ಒಂಬತ್ತು ಕಿಲೋಮೀಟರ್ ಹಿಂದೆ, ಪಂಕ್ಚರ್ ಆದ ಸೈಕಲ್ ಪಕ್ಕ, ಮೈಲಿಗಲ್ಲಿನ ಮೇಲೆ ಕುಳಿತಿದ್ದರು. ಎರಡು ಗಂಟೆ ಒಬ್ಬರೇ. "ಫೋನಿಗೆ ಸಿಗ್ನಲ್ ಇಲ್ಲ. ಮೂವತ್ತೈದು ವರ್ಷ ಊರಿನವರ ಫೋನ್ ಜೋಡಿಸಿದವಳು ನಾನು. ನನ್ನದನ್ನು ಜೋಡಿಸಲಿಕ್ಕೆ ಜನ ಇಲ್ಲ!" ಎಂದು ಸತ್ಯಭಾಮಾ ನಗುತ್ತಾರೆ. ಆ ದಿನ ನಕ್ಕಿರಲಿಲ್ಲ.

ಈ ವರ್ಷದ ಪ್ರವಾಸ ಫೆಬ್ರವರಿ 13 ಮತ್ತು 14ಕ್ಕೆ. ಲೀಲಾಧರ ಅಳೆದು ತೂಗಿ ಒಂದು ತೀರ್ಮಾನ ಹೇಳಿದ್ದಾರೆ: ನಂಬಿಕಸ್ಥರು ಒಬ್ಬರು ಹಿಂದೆ ಇರದಿದ್ದರೆ, ಸತ್ಯಭಾಮಾ ಸೇರಿ ನಿಧಾನದ ಆರು ಮಂದಿ ಸೈಕಲ್ ಬಿಟ್ಟು ಟೆಂಪೊ ಹತ್ತಬೇಕು. ಅದನ್ನು ಕೇಳಿದ ಮಾನಮ್ಮ ಪ್ಲೇಟು ಕೆಳಗಿಟ್ಟು, "ಹಿಂದ ಇರಾಕಿ ನಾನು. ಸೈಕಲ್ ಕಲೀತೀನಿ" ಅಂದರು. ಹೋಟೆಲಿನಲ್ಲಿ ಯಾರೂ ನಂಬಲಿಲ್ಲ.

ಕಲಿಸಿದ್ದು ಮಗಳು. ಸೆಪ್ಟೆಂಬರಿನಿಂದ ಬೆಳಿಗ್ಗೆ ಐದಕ್ಕೆ, ಕಟ್ಟಡ ಏಳದೆ ಉಳಿದ ಪ್ಲಾಟಿನಲ್ಲಿ, ದ್ರೌಪದಿ ಶಾಲೆಗೆ ಹೋಗುತ್ತಿದ್ದ ಹಳೆಯ ಲೇಡೀಸ್ ಸೈಕಲ್ ಮೇಲೆ. ದ್ರೌಪದಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ.

"ಅವ್ವಾ, ನೀಚೆ ಮತ್ ದೇಖ್! ಸಾಮ್ನೆ ದೇಖ್!"

"ಬೀಳಾದು ನೆಲಕ್ಕಲ್ಲೇನ? ಎಲ್ಲಿ ಬೀಳ್ತೀನಂತ ನೋಡಾದು ಬ್ಯಾಡೇನ?"

ಹದಿನೇಳು ಸಲ ಬಿದ್ದರು ಎಂದು ದ್ರೌಪದಿ. ಹನ್ನೆರಡು ಎಂದು ಮಾನಮ್ಮ. ನವೆಂಬರ್ ಹೊತ್ತಿಗೆ ಠಾಣೆ-ಬೇಲಾಪುರ ರಸ್ತೆಯ ಅಂಚಿನಲ್ಲಿ ಹತ್ತು ಕಿಲೋಮೀಟರ್ ಹೋಗಿ ಬರುತ್ತಿದ್ದರು.

ಡಿಸೆಂಬರ್ 13ರಂದು ಮೊದಲ ಪರೀಕ್ಷೆ. ಕಲ್ಯಾಣದಿಂದ ಟಿಟ್ವಾಳಾದ ಗಣಪತಿ ದೇವಸ್ಥಾನದವರೆಗೆ ಹೋಗಿ ಬರುವುದು, ಒಟ್ಟು 28 ಕಿಲೋಮೀಟರ್. ಮುಂದೆ ಸತ್ಯಭಾಮಾ, ಹಿಂದೆ ಮಾನಮ್ಮ, ಇಬ್ಬರನ್ನೂ ಗಮನಿಸುತ್ತಾ ಸ್ಕೂಟರಿನಲ್ಲಿ ಲೀಲಾಧರ. ಷರತ್ತು ಒಂದೇ: ಮುಂದಿನವರನ್ನು ದಾಟಬಾರದು.

ಮಾನಮ್ಮ ಮೂರು ಸಲ ದಾಟಿದರು. ಸತ್ಯಭಾಮಾರ ವೇಗ ಗಂಟೆಗೆ ಹತ್ತು ಕಿಲೋಮೀಟರ್. ಏರು ಬಂದರೆ ಅದೂ ಇಲ್ಲ. ಅಷ್ಟು ನಿಧಾನಕ್ಕೆ ಹೊಸಬರ ಸೈಕಲ್ ನಿಲ್ಲುವುದಿಲ್ಲ, ವಾಲುತ್ತದೆ. ಬೀಳದಿರಲು ತುಳಿದರೆ ಮುಂದೆ ಹೋಗುತ್ತದೆ. ಗುಡ್ಡದಲ್ಲಿ ಆರು ವರ್ಷ ಯಾರನ್ನೂ ದಾಟದ ಮಾನಮ್ಮ, ಮೂರನೆಯ ಸಲ ಸತ್ಯಭಾಮಾರ ಪಕ್ಕದಿಂದ ಹಾದು ಹೋಗುವಾಗ "ತಪ್ಪಾತ್ರೀ ಅಕ್ಕಾರ!" ಎಂದು ಕೂಗುತ್ತಲೇ ಮುಂದೆ ಸಾಗಿದರಂತೆ.

"ಫೇಲ್," ಎಂದರು ಲೀಲಾಧರ. "ಸೈಕಲ್ ಬಂತು, ಹಿಂದೆ ಇರಲಿಕ್ಕೆ ಬರಲಿಲ್ಲ."

ದಾರಿ ತೋರಿಸಿದ್ದು ಸತ್ಯಭಾಮಾ. ಕಾರ್ಕಳದ ಅವರ ಶಾಲೆಯಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇರುತ್ತಿತ್ತು. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವರಿಗೆ ಬಹುಮಾನ. "ಅದನ್ನೇ ಮಾಡುವ ಮಾನಮ್ಮ. ಓಡಿಸಲಿಕ್ಕೆ ಯಾರಿಗೂ ಬರ್ತದೆ. ನಿಲ್ಲಿಸದೆ ನಿಲ್ಲಬೇಕು," ಎಂದರು. ಅದೇ ಪ್ಲಾಟಿನಲ್ಲಿ ಸುಣ್ಣದಿಂದ ಇಪ್ಪತ್ತು ಮೀಟರಿಗೆ ಎರಡು ಗೆರೆ ಎಳೆದರು. ವಾರಕ್ಕೆರಡು ದಿನ ಡೊಂಬಿವಲಿಯಿಂದ ಮೊದಲ ಗಾಡಿಯಲ್ಲಿ ಠಾಣೆಗೆ ಬಂದು, ಗಾಡಿ ಬದಲಿಸಿ, ಸತ್ಯಭಾಮಾ ಗೆರೆಯ ಬಳಿ ನಿಂತರು. ದ್ರೌಪದಿ ಫೋನಿನಲ್ಲಿ ಸೆಕೆಂಡು ಹಿಡಿದಳು. ಮೊದಲ ದಿನ ಹನ್ನೊಂದು ಸೆಕೆಂಡು. ಬ್ರೇಕನ್ನು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ, ಹ್ಯಾಂಡಲನ್ನು ಚೂರೇ ಚೂರು ಅತ್ತಿತ್ತ ಆಡಿಸುವುದು ಕೈಗೆ ಬರಲು ನಾಲ್ಕು ವಾರ ಹಿಡಿಯಿತು. ಜನವರಿಯ ಮೂರನೆಯ ವಾರ: ಐವತ್ತೆಂಟು ಸೆಕೆಂಡು.

ಜನವರಿ 24, ಭಾನುವಾರ, ಎರಡನೆಯ ಹಾಗೂ ಕೊನೆಯ ಪರೀಕ್ಷೆ. ಬೆಳಿಗ್ಗೆ 6.30ಕ್ಕೆ ಕಲ್ಯಾಣ ಬಿಡುತ್ತಾರೆ. ಸತ್ಯಭಾಮಾರಿಂದ ಮೂರು ಸೈಕಲ್ ಉದ್ದ ಬಿಟ್ಟು ಮಾನಮ್ಮ. ಊರು ದಾಟಿದ ಮೇಲಿನ ಏರಿನಲ್ಲಿ ಮುಂದಿನ ಸೈಕಲ್ ನಡಿಗೆಯ ವೇಗಕ್ಕೆ ಇಳಿಯುತ್ತದೆ. ಹಿಂದಿನದು ವಾಲುತ್ತದೆ, ನೆಟ್ಟಗಾಗುತ್ತದೆ, ಮತ್ತೆ ವಾಲುತ್ತದೆ. ಪಕ್ಕದಲ್ಲಿ ಬಂದ ರಿಕ್ಷಾದವನೊಬ್ಬ ತಲೆ ಹೊರಗೆ ಹಾಕಿ, ಸೈಕಲ್ಲಿಗೆ ನಿದ್ದೆ ಬಂತೇ ಎನ್ನುತ್ತಾನೆ.

"ಓ ಆಂಟೀ, ಸೈಕಲ್ ಕೋ ನೀಂದ್ ಆ ರಹೀ ಹೈ ಕ್ಯಾ?"

"ತೂ ಜಾ ಭಾಯಿ. ಮೇರೆಕೋ ಪೀಛೇಚ್ ರೆಹನೇಕಾ ಹೈ!" ನೀನು ಹೋಗಪ್ಪ, ನನಗೆ ಹಿಂದೆಯೇ ಇರಬೇಕು ಎಂದು ಮಾನಮ್ಮ.

ಟಿಟ್ವಾಳಾ ಬರುತ್ತದೆ, ತಿರುಗುತ್ತಾರೆ. ಇಪ್ಪತ್ತೊಂದನೆಯ ಕಿಲೋಮೀಟರಿನಲ್ಲಿ ರಸ್ತೆಗೆ ಎಮ್ಮೆಯೊಂದು ನುಗ್ಗುತ್ತದೆ. ಸತ್ಯಭಾಮಾ ಗಕ್ಕನೆ ಬ್ರೇಕ್ ಹಾಕುತ್ತಾರೆ. ಮಾನಮ್ಮನ ಬಲಕ್ಕೆ ರಸ್ತೆ ಖಾಲಿ ಇದೆ. ಹ್ಯಾಂಡಲ್ ತಿರುಗಿಸಿದರೆ ಸುಲಭವಾಗಿ ದಾಟಬಹುದು. ಅವರು ಎಡಕ್ಕೆ ತಿರುಗಿಸಿ ಮಣ್ಣಿನ ಮೇಲೆ ಬೀಳುತ್ತಾರೆ.

ಮೊಣಕೈ ತರಚಿದೆ, ಸೀರೆಯೆಲ್ಲ ಧೂಳು. ಸ್ಕೂಟರ್ ಬಿಟ್ಟು ಓಡಿ ಬಂದ ಲೀಲಾಧರರಿಗೆ ಕುಳಿತಲ್ಲಿಂದಲೇ ಹೇಳುತ್ತಾರೆ: "ದಾಟಿದ್ರ ಫೇಲ್ ಅಂದಿದ್ರಿ ಶೇಟ್ರ. ಬಿದ್ರ ಫೇಲ್ ಅಂತ ಅಂದಿಲ್ಲ."

ಲೀಲಾಧರ ಸೈಕಲ್ ಎತ್ತಿ ಕೊಡುತ್ತಾರೆ.

ಒಂಬತ್ತೂವರೆಗೆ ಕಲ್ಯಾಣ. ಮೊದಲು ಸತ್ಯಭಾಮಾ ಇಳಿಯುತ್ತಾರೆ, ಅವರು ಇಳಿದದ್ದು ನೋಡಿ ಮಾನಮ್ಮ. ದಾಟಿದ್ದು ಒಂದು ಸಲವೂ ಇಲ್ಲ. ಲೀಲಾಧರ ಅಲ್ಲೇ ನಿಂತು ಉಳಿದ ಐದು ಮಂದಿಗೆ ಫೋನ್ ಮಾಡುತ್ತಾರೆ: "ಟೆಂಪೊ ಬೇಡ, ಸೈಕಲ್ಲಿಗೆ ಎಣ್ಣೆ ಹಾಕಿ ಇಟ್ಟುಕೊಳ್ಳಿ." ಸತ್ಯಭಾಮಾ ಮಾನಮ್ಮನ ಮೊಣಕೈಗೆ ಬಾಟಲಿಯ ನೀರು ಸುರಿಯುತ್ತಾ ಬೈಯುತ್ತಾರೆ, "ಎಂತ ಮಾರಾಯ್ತಿ, ಒಂದು ಸಲ ದಾಟಿದ್ರೆ ಎಂತ ಆಗ್ತಿತ್ತು?"

"ನೀವು ಟೆಂಪೊದಾಗ ಕುಂದ್ರತಿದ್ರಿ, ಅಷ್ಟ."

ಚಹಾ ಬರುತ್ತದೆ. ಟಿಟ್ವಾಳಾದಲ್ಲಿ ಕಾಳೂ ನದಿ ಬೆಳಗಿನ ಬಿಸಿಲಿಗೆ ಚೆನ್ನಾಗಿ ಕಾಣುತ್ತಿತ್ತಲ್ಲ, ನೋಡಿದಿರಾ ಎಂಬ ಮಾತಿಗೆ ಮಾನಮ್ಮ ಕಣ್ಣರಳಿಸುತ್ತಾರೆ.

"ಹೊಳಿ ಇತ್ತೇನ್ರಿ ಅಲ್ಲಿ? ನಾ ಎಲ್ಲಿ ನೋಡ್ಲಿ. ಹೋಗ್ತಾ ಬರ್ತಾ ಅಕ್ಕಾರ ಬೆನ್ನ ನೋಡೀನಿ. ಏರು ಬಂದ್ರ ಅವ್ರ ಬಲಗಾಲು ಪೆಡಲ್ ಮ್ಯಾಲಿಂದ ಜಾರ್ತದ. ಬೂಟ ಬದಲಿ ಮಾಡ್ಬೇಕ್ರಿ, ಹದಿಮೂರಕ್ಕ ಮೊದಲ."

ಎರಡು ಗುಟುಕು ಕುಡಿದು ಮತ್ತೆ ತಾವೇ ಹೇಳುತ್ತಾರೆ: "ಒಂದಿನ ಸುಮ್ನ ಬರ್ಬೇಕ್ರಿ ಇಲ್ಲಿ. ಸೈಕಲ್ ಮ್ಯಾಲ. ಯಾರ ಹಿಂದೂ ಅಲ್ಲ. ಆ ಹೊಳಿ ನೋಡಾಕ."

"ನಾನೂ ಬರ್ತೇನೆ," ಎನ್ನುತ್ತಾರೆ ಸತ್ಯಭಾಮಾ.

ಮಾನಮ್ಮ ಗ್ಲಾಸು ಕೆಳಗಿಡುತ್ತಾರೆ.

"ಬರ್ರಿ ಅಕ್ಕಾರ. ಆದ್ರ ಅವತ್ತು ನೀವು ಹಿಂದ."